ಅನ್ನ ಬಿಟ್ಟು ರಾಗಿಗೆ ಬಂದ್ರೆ ಸಾಕಾ? ತಟ್ಟೆ ಲೆಕ್ಕ ಸ್ವಲ್ಪ ನೋಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಸಿರಿಧಾನ್ಯ ತಿಂದ್ರೆ ಶುಗರ್ ಕಂಟ್ರೋಲ್‌ಗೆ ಬರುತ್ತೆ, ಅನ್ನ ಬಿಟ್ಟು ಮುದ್ದೆಗೆ ಬಂದ್ರೆ ಮಾತ್ರೆನೇ ಬೇಡ ಅನ್ನೋ ಥರದ ಬರಹಗಳು ನಿಮ್ಮ ಪೇಪರ್ ಸೇರಿ ಎಲ್ಲಾ ಕಡೆ ಬರ್ತಾನೇ ಇವೆ. 2023ನ ವಿಶ್ವಸಂಸ್ಥೆಯವರು ಸಿರಿಧಾನ್ಯ ವರ್ಷ ಅಂತ ಮಾಡಿದ ಮೇಲಂತೂ ಕೇಳೋದೇ ಬೇಡ. ರಾಗಿ ಬಿಸ್ಕೆಟ್ಟು, ನವಣೆ ಲಾಡು, ಸಜ್ಜೆ ಕುರ್ಕುರೆ, ಏನು ಬೇಕಾದ್ರೂ ಸಿಗುತ್ತೆ ಈಗ. ನಾನು ತುಮಕೂರಲ್ಲಿ ಬಸ್ ಸ್ಟ್ಯಾಂಡ್ ಹತ್ರ ಮುದ್ದೆ ಊಟದ ಮೆಸ್ ನಡೆಸೋನು, ರಾಗಿ ಮೇಲೆ ನಂಗೇನು ದ್ವೇಷ ಇಲ್ಲ ಸ್ವಾಮಿ, ಅದೇ ನನ್ನ ಅನ್ನ. ಆದ್ರೂ ಈ ಪ್ರಚಾರದಲ್ಲಿ ಒಂದು ದೊಡ್ಡ ವಿಷಯ ಬಿಟ್ಟು ಹೋಗ್ತಿದೆ ಅನ್ಸಿ ಬರೀತಾ ಇದೀನಿ.

2025ರ ಸೆಪ್ಟೆಂಬರ್ ಕೊನೆಗೆ ನೇಚರ್ ಮೆಡಿಸಿನ್ ಅನ್ನೋ ಜರ್ನಲ್‌ನಲ್ಲಿ ಐಸಿಎಂಆರ್-ಇಂಡಿಯಾಬ್ ಅನ್ನೋ ದೇಶದ ಡಯಾಬಿಟಿಸ್ ಸರ್ವೆಯವರು ನಮ್ಮ ದೇಶದ ಜನ ಏನು ತಿಂತಾರೆ ಅನ್ನೋ ಲೆಕ್ಕ ಹಾಕಿದ್ರು. ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್‌ನ ಡಾ. ಆರ್.ಎಂ. ಅಂಜನಾ, ಡಾ. ವಿ. ಮೋಹನ್ ಮತ್ತೆ ಅವರ ಜೊತೆಯೋರು ಮಾಡಿರೋದು. ಭಾರತದಲ್ಲಿ 10.1 ಕೋಟಿ ಜನಕ್ಕೆ ಡಯಾಬಿಟಿಸ್ ಇದೆ, ಇನ್ನೂ 13.6 ಕೋಟಿ ಜನ ಬಾರ್ಡರ್‌ನಲ್ಲಿ ಇದಾರೆ ಅಂತ 2023ರಲ್ಲಿ ಸುದ್ದಿ ಆಗಿತ್ತಲ್ಲ, ಅದೂ ಇದೇ ಸರ್ವೆದು. ನನ್ನ ತಂಗಿ ಮಗಳು ಡಯೆಟಿಶಿಯನ್ ಕೋರ್ಸ್ ಓದ್ತಾ ಇದಾಳೆ, ಅವಳು ಮೊಬೈಲಲ್ಲಿ ತೆಗೆದು ತೋರಿಸಿ ಕೂತ್ಕೊಂಡು ವಿವರಿಸಿದ್ಲು. ನಾವು ದಿನಕ್ಕೆ ತಿನ್ನೋ ಕ್ಯಾಲೊರಿಲಿ ಶೇಕಡಾ 62ರಷ್ಟು ಬರೀ ಕಾರ್ಬೋಹೈಡ್ರೇಟ್ (ಪಿಷ್ಟ, ಸಕ್ಕರೆ ಅಂಶ, ಚಿಕ್ಕದಾಗಿ ಕಾರ್ಬ್), ಅದ್ರಲ್ಲೂ ಹೆಚ್ಚಿನದು ಪಾಲಿಶ್ ಅಕ್ಕಿ, ಮಿಲ್ ಹಿಟ್ಟು, ಸಕ್ಕರೆ. ಪ್ರೊಟೀನ್ ಶೇಕಡಾ 12 ಅಷ್ಟೇ. ಕಾರ್ಬ್ ತುಂಬಾ ಜಾಸ್ತಿ ತಿನ್ನೋರಿಗೆ, ಕಮ್ಮಿ ತಿನ್ನೋರಿಗಿಂತ ಡಯಾಬಿಟಿಸ್ ಇರೋ ಸಾಧ್ಯತೆ ಶೇಕಡಾ 30 ಜಾಸ್ತಿ ಕಂಡಿದೆ.

ಅಕ್ಕಿ ಬದಲು ಇಡೀ ಗೋಧಿ ಹಿಟ್ಟೋ ಸಿರಿಧಾನ್ಯದ ಹಿಟ್ಟೋ ಅಷ್ಟೇ ಪ್ರಮಾಣದಲ್ಲಿ ತಿಂದ್ರೆ ಏನಾಗುತ್ತೆ ಅಂತಾನೂ ಅವರು ಲೆಕ್ಕ ಹಾಕಿ ನೋಡಿದಾರೆ. ಒಟ್ಟು ಕಾರ್ಬ್ ಇಳೀದೇ ಇದ್ರೆ ಡಯಾಬಿಟಿಸ್ ರಿಸ್ಕ್ ಕಮ್ಮಿ ಆಗಿದ್ದು ಕಾಣ್ಲಿಲ್ಲ. ಬದಲಿಗೆ ದಿನದ ಕ್ಯಾಲೊರಿಲಿ ಶೇಕಡಾ 5ರಷ್ಟು ಕಾರ್ಬ್ ತೆಗೆದು ಆ ಜಾಗಕ್ಕೆ ಬೇಳೆಕಾಳಿಂದೋ ಹಾಲು ಮೊಸರಿಂದೋ ಪ್ರೊಟೀನ್ ಬಂದ್ರೆ ರಿಸ್ಕ್ ಕಮ್ಮಿ ಕಂಡಿದೆ. ಕುರಿ ಮಾಂಸದಂಥ ರೆಡ್ ಮೀಟ್ ಹಾಕಿದ್ರೆ ಆ ಲಾಭ ಕಂಡಿಲ್ಲ (ನಮ್ಮ ಭಾನುವಾರದ ಗಿರಾಕಿಗಳು ಈ ಸಾಲು ಓದದೇ ಇದ್ರೆ ಒಳ್ಳೇದು). ಇನ್ನೊಂದು ವಿಷಯ ಅಂದ್ರೆ ಸಿರಿಧಾನ್ಯ ಗಣನೀಯವಾಗಿ ತಿನ್ನೋ ರಾಜ್ಯ ದೇಶದಲ್ಲಿ ಮೂರೇ ಅಂತೆ, ಕರ್ನಾಟಕ, ಮಹಾರಾಷ್ಟ್ರ, ಗುಜರಾತ್. ಅಂದ್ರೆ ರಾಗಿ ಜೋಳ ನಮಗೆ ಹೊಸದಾಗಿ ಯಾರೂ ಹೇಳ್ಕೊಡಬೇಕಾಗಿಲ್ಲ, ಮೊದ್ಲಿಂದ ತಿಂತಾನೇ ಇದೀವಿ, ಆದ್ರೂ ನಮ್ಮೂರಲ್ಲಿ ಶುಗರ್ ಚೆಕ್ ಮಾಡ್ಸೋ ಲ್ಯಾಬ್ ಮುಂದೆ ಬೆಳಿಗ್ಗೆ ಬೆಳಿಗ್ಗೆ ಕ್ಯೂ ಇರುತ್ತೆ.

ನನ್ನ ಮೆಸ್ ತಟ್ಟೆನೇ ತಗೊಳ್ಳಿ. ದೊಡ್ಡ ಮುದ್ದೆ ಒಂದಕ್ಕೆ ಸುಮಾರು 100 ಗ್ರಾಂ ಹಿಟ್ಟು ಹೋಗುತ್ತೆ. ಹೈದರಾಬಾದ್‌ನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ತಂದ ಆಹಾರದ ಪಟ್ಟಿ ಪ್ರಕಾರ 100 ಗ್ರಾಂ ರಾಗಿಲಿ ಸುಮಾರು 67 ಗ್ರಾಂ ಕಾರ್ಬ್, 7 ಗ್ರಾಂ ಪ್ರೊಟೀನ್. ಅಷ್ಟೇ ತೂಕದ ಅಕ್ಕಿಲಿ 78 ಗ್ರಾಂ ಕಾರ್ಬ್, ಹತ್ರ ಹತ್ರ 8 ಗ್ರಾಂ ಪ್ರೊಟೀನ್. ಹೌದು, ಪ್ರೊಟೀನ್ ವಿಷಯದಲ್ಲಿ ರಾಗಿ ಅಕ್ಕಿಗಿಂತ ಒಂಚೂರು ಹಿಂದೇನೇ! ಇದನ್ನ ಹೇಳಿದ್ರೆ ಯಾರೂ ನಂಬಲ್ಲ, ನಮ್ಮ ಅಡುಗೆ ಭಟ್ರು "ಏನ್ ಹೇಳ್ತೀರಿ ಅಣ್ಣ, ಗೌಡ್ರೆಲ್ಲಾ ರಾಗಿ ತಿಂದೇ ಗಟ್ಟಿ ಆಗಿದ್ದು" ಅಂತ ನಂಗೇ ತಿರುಗಿ ಬಿದ್ರು. ರಾಗಿಲಿ ನಾರು ಅಕ್ಕಿಗಿಂತ ನಾಲ್ಕು ಪಟ್ಟು ಹತ್ರ ಇದೆ, ಕ್ಯಾಲ್ಸಿಯಂ 100 ಗ್ರಾಂಗೆ 364 ಮಿಲಿಗ್ರಾಂ, ಅಕ್ಕಿ ಅದರ ಹತ್ರಕ್ಕೂ ಬರಲ್ಲ. ಹಾಗಾಗಿ ರಾಗಿ ಒಳ್ಳೇದು ಅನ್ನೋದ್ರಲ್ಲಿ ಡೌಟೇ ಇಲ್ಲ. ಆದ್ರೆ ಮಧ್ಯಾಹ್ನ ಬರೋ ಗಿರಾಕಿ ಎರಡು ಮುದ್ದೆ ತಿಂದು "ಅಣ್ಣ ಒಂಚೂರು ರೈಸ್" ಅಂತಾನೆ, ಹುಡುಗ ತಂದು ಬಡಿಸೋದು ಒಂಚೂರಾ? ಹೆಚ್ಚು ಕಮ್ಮಿ 100 ಗ್ರಾಂ ಅಕ್ಕಿದಾದ್ರೂ ಇರುತ್ತೆ. ಅಲ್ಲಿಗೆ ಒಂದೇ ಊಟಕ್ಕೆ 210 ಗ್ರಾಂ ದಾಟ್ತು ಕಾರ್ಬ್. ಸಾರಲ್ಲಿ ಕಾಳು ಎಷ್ಟು ಅಂದ್ರೆ ಒಂದು ಸೌಟಲ್ಲಿ ತೇಲಾಡೋವಷ್ಟು. ಬಸ್ಸಾರು ಮಾಡಿದ ದಿನ ಪಲ್ಯ ಬರುತ್ತೆ, ಅದನ್ನ ಉಪ್ಪಿನಕಾಯಿ ಥರ ನೆಂಚ್ಕೊಂಡು ಎದ್ದು ಹೋಗ್ತಾರೆ.

ಆ ಶೇಕಡಾ 5 ಕಾರ್ಬ್ ಅಂದ್ರೆ ಎಷ್ಟು ಅಂತ ತಂಗಿ ಮಗಳನ್ನ ಕೇಳ್ದೆ. "ಮಾವ, 2000 ಕ್ಯಾಲೊರಿ ತಿನ್ನೋರಿಗೆ 100 ಕ್ಯಾಲೊರಿ, ಅಂದ್ರೆ 25 ಗ್ರಾಂ ಕಾರ್ಬ್ ಇಳಿದು 25 ಗ್ರಾಂ ಪ್ರೊಟೀನ್ ಏರಬೇಕು" ಅಂದ್ಲು. ಹುರುಳಿಕಾಳು, ತೊಗರಿಬೇಳೆ ಇವೆಲ್ಲಾ 100 ಗ್ರಾಂಗೆ 21-22 ಗ್ರಾಂ ಪ್ರೊಟೀನ್ ಇರೋವು, 50 ಗ್ರಾಂ ಕಾಳು ಹಾಕಿದ್ರೆ ಹತ್ತು ಹನ್ನೊಂದು ಬಂತು, ಒಂದು ಮೊಟ್ಟೆ ಆರು, ಒಂದು ದೊಡ್ಡ ಬಟ್ಟಲು ಗಟ್ಟಿ ಮೊಸರು ಇನ್ನೊಂದು ಆರು. ಹತ್ತಿರ ಹತ್ತಿರ ಆಯ್ತು. ಇದನ್ನೆಲ್ಲಾ ಸೇರಿಸ್ಕೊಂಡು ಮುದ್ದೆ ಅನ್ನನೂ ಮೊದ್ಲಿನಷ್ಟೇ ತಿಂದ್ರೆ ಮಾತ್ರ ಲೆಕ್ಕ ಕೆಟ್ಟೋಯ್ತು, ಯಾಕಂದ್ರೆ ಕಾಳಲ್ಲೂ ಕಾರ್ಬ್ ಇದೆ, ಮೊಸರಲ್ಲೂ ಕ್ಯಾಲೊರಿ ಇದೆ. ಒಂದು ಮುದ್ದೆ ಇಳಿಸ್ಲೇಬೇಕು.

ಈ ಸರ್ವೆನೇ ವೇದವಾಕ್ಯ ಅಂತ ನಾನೇನು ಹೇಳ್ತಿಲ್ಲ. ಒಂದ್ಸಲ ಹೋಗಿ ಏನು ತಿಂತೀರ ಅಂತ ಕೇಳಿ, ರಕ್ತ ತಗೊಂಡು ಬಂದಿರೋ ಸರ್ವೆ ಇದು, ಬದಲಾವಣೆ ಮಾಡಿದ್ರೆ ಏನಾಗುತ್ತೆ ಅನ್ನೋದು ಕಂಪ್ಯೂಟರ್ ಲೆಕ್ಕ, ಜನಕ್ಕೆ ನಿಜವಾಗ್ಲೂ ತಿನ್ನಿಸಿ ವರ್ಷಗಟ್ಲೆ ಕಾದು ನೋಡಿದ್ದಲ್ಲ. ಇದರಿಂದಾನೇ ಅದು ಬಂತು ಅಂತ ಖಡಾಖಂಡಿತ ಹೇಳಕ್ಕಾಗಲ್ಲ. ಆದ್ರೆ "ನವಣೆ ತಿಂದು 40 ದಿನದಲ್ಲಿ ಶುಗರ್ ಮಾಯ" ಅನ್ನೋ ವಿಡಿಯೋಗಿಂತ ಇದು ಸಾವಿರ ಪಾಲು ವಾಸಿ ಅಲ್ವಾ.

ಇನ್ನು ಬೇಳೆ ಕಾಳು ತಿನ್ನಿ ಅಂತ ಹೇಳೋದು ಸುಲಭ. ಅಂಗಡಿಗೆ ಹೋದ್ರೆ ತೊಗರಿಬೇಳೆ ರೇಟು ನೋಡಿ ನಾನೇ ಸಾರು ತೆಳ್ಳಗೆ ಮಾಡ್ಸೋ ದಿನಗಳಿವೆ, ಸುಳ್ಳು ಯಾಕೆ ಹೇಳ್ಲಿ. ಅನ್ನ ಎಷ್ಟು ಬೇಕಾದ್ರೂ ಫ್ರೀ, ಎಕ್ಸ್ಟ್ರಾ ಪಲ್ಯಕ್ಕೆ ಮಾತ್ರ ದುಡ್ಡು, ಇದು ಎಲ್ಲಾ ಮೆಸ್‌ಗಳ ಕಾನೂನು. ಹೊಟ್ಟೆ ತುಂಬಿಸೋಕೆ ಅಗ್ಗದ ದಾರಿ ಅಕ್ಕಿನೇ. ರೇಷನ್ ವ್ಯವಸ್ಥೆನೂ ಅಷ್ಟೇ, ಇಷ್ಟು ವರ್ಷ ಕೆಜಿಗಳ ಲೆಕ್ಕದಲ್ಲಿ ಅಕ್ಕಿ, ನಮ್ಮ ಕಡೆ ಜೊತೆಗೆ ರಾಗಿ, ಉತ್ತರದ ಕಡೆ ಜೋಳ. ಐದು ಕೆಜಿನಾ ಹತ್ತು ಕೆಜಿನಾ ಅನ್ನೋದೇ ರಾಜಕೀಯ ಆಗಿತ್ತು. ಹೆಚ್ಚುವರಿ 5 ಕೆಜಿ ಅಕ್ಕಿ ಬದಲು ಬೇಳೆ, ಎಣ್ಣೆ ಎಲ್ಲಾ ಇರೋ ಇಂದಿರಾ ಕಿಟ್ ಕೊಡೋಕೆ 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿದ್ದು ಆ ಸ್ಟಡಿ ಬಂದ ಮುಂದಿನ ತಿಂಗಳೇ, ಕಾಕತಾಳೀಯ ಇರಬಹುದು, ಆದ್ರೆ ದಿಕ್ಕು ಸರಿ ಇದೆ ಅಂತ ನನ್ನ ಅಭಿಪ್ರಾಯ. ಅದರ ಜೊತೆ ಸಕ್ಕರೆ ಯಾಕೆ ಬೇಕಿತ್ತೋ ಗೊತ್ತಿಲ್ಲ, ಆ ದುಡ್ಡಿಗೆ ಇನ್ನೊಂದಿಷ್ಟು ಹೆಸರುಕಾಳೋ ಅಲಸಂದೆನೋ ಕೊಡಬಹುದಿತ್ತು. ಸರ್ಕಾರಿ ಶಾಲೆ ಮಕ್ಕಳಿಗೆ 2013ರಿಂದ ಹಾಲು, ಈಚೆಗೆ ವಾರದಲ್ಲಿ ಆರು ದಿನ ಮೊಟ್ಟೆ, ತಿನ್ನದೇ ಇರೋರಿಗೆ ಬಾಳೆಹಣ್ಣು ಅಂತ ಮಾಡಿರೋದು ನಿಜವಾಗ್ಲೂ ದೊಡ್ಡ ಕೆಲಸ. ದೊಡ್ಡೋರಿಗೆ ಅಂಥದ್ದು ಏನಿದೆ? 2017ರಲ್ಲಿ ಇಂದಿರಾ ಕ್ಯಾಂಟೀನ್ ಶುರುವಾದಾಗಿನ ಮೆನು ನೆನಪು ಮಾಡ್ಕೊಳ್ಳಿ, ಇಡ್ಲಿ, ಪೊಂಗಲ್, ಖಾರಾಬಾತ್, ಚಿತ್ರಾನ್ನ, ಬಿಸಿಬೇಳೆಬಾತ್, ಅನ್ನ ಸಾಂಬಾರ್. ಹಸಿದವನಿಗೆ ಐದು ಹತ್ತು ರೂಪಾಯಿಗೆ ಊಟ ಸಿಗೋದು ಪುಣ್ಯದ ಕೆಲಸ, ಅದನ್ನ ನಾನು ಆಡ್ಕೊಳ್ಳಲ್ಲ, ನನ್ನ ವ್ಯಾಪಾರಕ್ಕೆ ಹೊಡೆತ ಬಿದ್ರೂನೂ. ಒಂದು ಸೌಟು ಕಾಳು ಉಸ್ಲಿ ಸೇರಿಸಿದ್ರೆ ಆ ತಟ್ಟೆ ಎಷ್ಟೋ ಸುಧಾರಿಸುತ್ತೆ ಅನ್ನೋದಷ್ಟೇ ನನ್ನ ಮಾತು.

ಊಟದ ಮಾತು ಆಯ್ತು, ಈಗ ಕೈಕಾಲು ಆಡಿಸೋ ಮಾತು. "ನಮ್ಮ ತಾತ ಮೂರು ಮುದ್ದೆ ತಿಂತಿದ್ರು, 90 ವರ್ಷ ಬದುಕಿದ್ರು" ಅನ್ನೋ ಡೈಲಾಗ್ ಎಲ್ಲರ ಮನೆಲೂ ಇದೆ. ಹೌದಪ್ಪ, ನಿಮ್ಮ ತಾತ ಬೆಳಿಗ್ಗೆ ನೇಗಿಲು ಹಿಡಿದು ಹೋದ್ರೆ ಸಂಜೆ ಬರ್ತಿದ್ರು, ನೀನು ಹಾಲು ತರೋಕೂ ಗಾಡಿ ಸ್ಟಾರ್ಟ್ ಮಾಡ್ತೀಯ. 2024ರ ಜೂನ್‌ನಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಅನ್ನೋ ಜರ್ನಲ್‌ನಲ್ಲಿ ಬಂದ ಲೆಕ್ಕದಲ್ಲಿ 2000ನೇ ಇಸವಿಲಿ ನಮ್ಮ ದೇಶದ ದೊಡ್ಡೋರಲ್ಲಿ ಸಾಕಷ್ಟು ಓಡಾಟ ಇಲ್ದೇ ಇದ್ದೋರು ಶೇಕಡಾ 22, 2022ಕ್ಕೆ ಅದು ಶೇಕಡಾ 49 ಚಿಲ್ಲರೆ. ಸಾಕಷ್ಟು ಅಂದ್ರೆ ಏನು ದೊಡ್ಡ ಜಿಮ್ ಅಲ್ಲ, ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯೋದು. ಅದನ್ನೂ ಮಾಡದೇ ಇರೋರು ಗಂಡಸರಲ್ಲಿ ಶೇಕಡಾ 42, ಹೆಂಗಸರಲ್ಲಿ 57. ಮನೆ ಕೆಲಸನೇ ಎಕ್ಸರ್ಸೈಜು ಅಂತ ಹೇಳೋ ಗಂಡಸರು ಗಮನಿಸಬೇಕು, ಮನೆಗೆಲಸ, ದುಡಿಮೆ, ಓಡಾಟ ಎಲ್ಲಾ ಸೇರಿಸೇ ಈ ಲೆಕ್ಕ. ನನ್ನ ಹೆಂಡ್ತಿ ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿ ಹತ್ತರ ತನಕ ನಿಂತೇ ಇರ್ತಾಳೆ, ಆದ್ರೆ ಎದೆ ಬಡಿತ ಏರೋ ಹಾಗೆ ಅರ್ಧ ಗಂಟೆ ನಡೆಯೋಕೆ ಅವಳಿಗೆ ಟೈಮ್ ಎಲ್ಲಿದೆ, ಟೈಮ್ ಇದ್ರೂ ಸಂಜೆ ಮೇಲೆ ನಮ್ಮ ರೋಡಲ್ಲಿ ಲೈಟ್ ಇಲ್ಲ, ಫುಟ್‌ಪಾತ್ ಮೇಲೆ ಬೈಕು, ಪಕ್ಕದಲ್ಲಿ ನಾಯಿ ಹಿಂಡು. ವಾಕಿಂಗ್ ಮಾಡಿ ಅಂತ ಬರೆಯೋರು ಎಲ್ಲಿ ಮಾಡೋದು ಅಂತಾನೂ ಬರೀಬೇಕು.

ದಿನಕ್ಕೆ 10,000 ಹೆಜ್ಜೆ ಅನ್ನೋ ಭಯ ಒಂದಿದೆ. ಅದು ಯಾವ ಡಾಕ್ಟ್ರೂ ಕಂಡುಹಿಡಿದಿದ್ದಲ್ಲ, 1964ರ ಟೋಕಿಯೋ ಒಲಿಂಪಿಕ್ಸ್ ಆದ ಮಾರನೇ ವರ್ಷ ಜಪಾನ್‌ನ ಕಂಪನಿಯೊಂದು ಹೆಜ್ಜೆ ಎಣಿಸೋ ಮೀಟರ್ ಮಾರೋಕೆ ಇಟ್ಟ ಹೆಸರಿಂದ ಬಂದಿದ್ದು. 2025ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್‌ನಲ್ಲಿ ಸಿಡ್ನಿ ಯೂನಿವರ್ಸಿಟಿಯ ಮೆಲೊಡಿ ಡಿಂಗ್ ಮತ್ತೆ ಜೊತೆಯೋರು 57 ಸ್ಟಡಿಗಳನ್ನ ಒಟ್ಟು ಹಾಕಿ ನೋಡಿದ್ರೆ, ದಿನಕ್ಕೆ 2000 ಹೆಜ್ಜೆ ಹಾಕೋರಿಗಿಂತ 7000 ಹಾಕೋರಲ್ಲಿ ಸಾಯೋ ರಿಸ್ಕ್ ಶೇಕಡಾ 47 ಕಮ್ಮಿ ಇತ್ತು. ಡಯಾಬಿಟಿಸ್ ರಿಸ್ಕ್ ಮಾತ್ರ ಶೇಕಡಾ 14 ಕಮ್ಮಿ ಅಷ್ಟೇ, ಅಂದ್ರೆ ನಡೆದುಬಿಟ್ರೆ ಏನು ಬೇಕಾದ್ರೂ ತಿನ್ನಬಹುದು ಅಂತಲ್ಲ. ಬೆಳಿಗ್ಗೆ ಪಾರ್ಕಲ್ಲಿ ಮೂರು ರೌಂಡ್ ಹೊಡೆದು ಸೀದಾ ಹೋಟೆಲ್‌ಗೆ ಹೋಗಿ ಚೌಚೌಬಾತ್ ತಿಂದು ಕಾಫಿ ಕುಡಿಯೋ ಗ್ಯಾಂಗ್‌ಗಳು ಪ್ರತಿ ಊರಲ್ಲೂ ಇವೆ, ಅವರಿಗೆ ಬೇಜಾರಾಗದಿರಲಿ.

ಇದೆಲ್ಲಾ ಹೊಸ ವಿಷಯನೂ ಅಲ್ಲ. 1953ರಲ್ಲೇ ಜೆರ್ರಿ ಮಾರಿಸ್ ಅನ್ನೋ ಡಾಕ್ಟ್ರು ಲಂಡನ್ ಡಬಲ್ ಡೆಕ್ಕರ್ ಬಸ್ಸುಗಳ ಡ್ರೈವರ್ ಕಂಡಕ್ಟರ್‌ಗಳನ್ನ ಹೋಲಿಸಿ ನೋಡಿ, ಇಡೀ ದಿನ ಮೆಟ್ಲು ಹತ್ತಿ ಇಳಿಯೋ ಕಂಡಕ್ಟರ್‌ಗಳಿಗಿಂತ ಕೂತೇ ಇರೋ ಡ್ರೈವರ್‌ಗಳಿಗೆ ಹಾರ್ಟ್ ಪ್ರಾಬ್ಲಮ್ ಜಾಸ್ತಿ ಅಂತ ಹೇಳಿದ್ರು. ನಮ್ಮ ಮೆಸ್‌ಗೂ ಡ್ರೈವರ್ ಕಂಡಕ್ಟರ್‌ಗಳು ಒಂದೇ ಟೇಬಲ್‌ಗೆ ಬರ್ತಾರೆ, ಒಂದೇ ಊಟ ಮಾಡ್ತಾರೆ. ಊಟ ಆದ ಮೇಲೆ ಒಂದು ಹತ್ತು ನಿಮಿಷ ನಡೆದ್ರೆ ಸಕ್ಕರೆ ಅಷ್ಟು ಏರಲ್ಲ ಅಂತ ಡ್ರೈವರ್‌ಗಳಿಗೆ ನಾನು ಹೇಳ್ತೀನಿ, ಅದಕ್ಕೂ ಸ್ಟಡಿಗಳಿವೆ, ಆದ್ರೆ ಬಸ್ ಹೊರಡೋ ಟೈಮ್ ಆಗಿರುತ್ತೆ ಪಾಪ, ಕೈ ತೊಳ್ಕೊಂಡು ಓಡ್ತಾರೆ.

ಕೊನೆಗೆ ನಿಮ್ಮಲ್ಲಿ ಒಂದು ವಿನಂತಿ. ಆರೋಗ್ಯದ ಪುಟದಲ್ಲಿ ಸಿರಿಧಾನ್ಯದ ರೆಸಿಪಿ ಹಾಕೋವಾಗ ಒಬ್ಬರಿಗೆ ಎಷ್ಟು ಹಿಟ್ಟು, ಅದರಲ್ಲಿ ಕಾರ್ಬ್ ಎಷ್ಟು ಪ್ರೊಟೀನ್ ಎಷ್ಟು ಅಂತ ಒಂದು ಸಾಲು ಸೇರಿಸಿ, ಜೊತೆಗೆ ಹುರುಳಿಕಾಳು ಉಸ್ಲಿ, ಅವರೆಕಾಳು ಸಾರು, ಮಜ್ಜಿಗೆಹುಳಿ ಇಂಥವಕ್ಕೂ ಜಾಗ ಕೊಡಿ. ಶುಗರ್ ಇರೋರಿಗೆ ಅಂತ ಹೇಳಿ ನವಣೆ ಲಾಡು ಮಾಡೋ ವಿಧಾನ ಹಾಕಿ ಅದಕ್ಕೆ ಕಾಲು ಕೆಜಿ ಬೆಲ್ಲ ಅಂತ ಬರೆಯೋದನ್ನ ದಯವಿಟ್ಟು ನಿಲ್ಲಿಸಿ.

ಇಂತಿ ನಿಮ್ಮ ಓದುಗ,
ಮುದ್ದೆ ಮೆಸ್ ನಡೆಸೋನು, ತುಮಕೂರು