ಗಾರೆಯ ಉಂಡೆಯಿಂದ ಶುರು ಮಾಡು

ಚಿ. ಮೇಘಾಳಿಗೆ ಆಶೀರ್ವಾದಗಳು.

ಬ್ರಿಟಿಷ್ ಎಂಜಿನಿಯರುಗಳ ಮೇಲೆ ನೀನು ಬರೆದ ಸೆಮಿನಾರಿನ ಕರಡು ಓದಿದೆ. ಹನ್ನೊಂದು ಜನರ ಹುಟ್ಟು, ಸಾವು, ಬಿರುದು. ಜಾತಕದ ಕಟ್ಟು ಬಿಚ್ಚಿದ ಹಾಗಿದೆ. ಒಂಬತ್ತು ಜನರನ್ನು ಧೈರ್ಯವಾಗಿ ತೆಗೆದುಹಾಕು. ಸ್ಮೀಟನ್ ಮತ್ತು ರಾಬರ್ಟ್ ಸ್ಟೀಫನ್‌ಸನ್ ಇಬ್ಬರೇ ಸಾಕು. ಅವರು ಏನನ್ನು ಪರೀಕ್ಷೆ ಮಾಡಿ ನೋಡಿದರು, ಯಾವುದನ್ನು ನೋಡದೆ ನಂಬಿ ಕೆಟ್ಟರು ಅನ್ನುವುದನ್ನು ಬರೆ.

ಜಾನ್ ಸ್ಮೀಟನ್‌ಗೆ ‘ಸಿವಿಲ್ ಎಂಜಿನಿಯರಿಂಗಿನ ಪಿತಾಮಹ’ ಎಂದು ಹಾರ ಹಾಕಿ ಮುಂದೆ ಹೋಗಿದ್ದೀಯ. ಆತ ಮೂಲತಃ ಅಳತೆಯ ಉಪಕರಣ ಮಾಡುತ್ತಿದ್ದವನು. ಇಂಗ್ಲೆಂಡಿನ ಪ್ಲಿಮತ್‌ನಿಂದ ಸುಮಾರು 14 ಮೈಲಿ ದೂರ ಸಮುದ್ರದಲ್ಲಿರುವ ಎಡ್ಡಿಸ್ಟೋನ್ ಬಂಡೆಯ ಮೇಲೆ ಅವನಿಗಿಂತ ಮುಂಚೆ ಎರಡು ದೀಪಸ್ತಂಭಗಳು ಎದ್ದು ಹೋಗಿದ್ದವು. ಮೊದಲನೆಯದನ್ನು 1703ರ ಬಿರುಗಾಳಿ ಕಟ್ಟಿದವನ ಸಮೇತ ಒಯ್ದಿತು. ಎರಡನೆಯದು ಮರದ್ದು, 1755ರಲ್ಲಿ ಸುಟ್ಟುಹೋಯಿತು. ಮರುವರ್ಷ ಸ್ಮೀಟನ್ ಕಲ್ಲಿನ ಗೋಪುರಕ್ಕೆ ಕೈಹಾಕಿದ. ಪೆಟ್ಟಿಗೆಯ ಮೂಲೆಗೆ ಬಡಗಿ ಹಾಕುವ ಕಚ್ಚಿನಂತೆ ಕಲ್ಲಿಗೆ ಕಲ್ಲು ಕಚ್ಚಿಸಿದ. ಎಲ್ಲರೂ ಬರೆಯುವುದು ಇದನ್ನೇ, ಚಿತ್ರ ಚೆನ್ನಾಗಿ ಬರುತ್ತದಲ್ಲ! ನೀನು ಗಾರೆಯನ್ನು ಹಿಡಿ.

ಸಾದಾ ಸುಣ್ಣದ ಗಾರೆ ಗಟ್ಟಿಯಾಗಲು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಬೇಕು. ನೀರೊಳಗೆ ಅದು ಬೆಣ್ಣೆಯಾಗಿಯೇ ಉಳಿದು ಕೊನೆಗೆ ತೊಳೆದುಹೋಗುತ್ತದೆ. ಕಲ್ಲು ಗಟ್ಟಿಯಾದಷ್ಟೂ ಅದರ ಸುಣ್ಣವೂ ಗಟ್ಟಿ ಎಂಬುದು ಆ ಕಾಲದ ಮೇಸ್ತ್ರಿಗಳ ನಂಬಿಕೆ. ಸ್ಮೀಟನ್ ಬೇರೆ ಬೇರೆ ಕಲ್ಲಿನ ಸುಣ್ಣ ತರಿಸಿ, ಒಂದೊಂದರಿಂದ ಸುಮಾರು 2 ಇಂಚಿನ ಉಂಡೆ ಕಟ್ಟಿ, ಸ್ವಲ್ಪ ಬಿಗಿದ ಮೇಲೆ ನೀರಲ್ಲಿ ಮುಳುಗಿಸಿಟ್ಟು ನೋಡಿದ. ಮೆತ್ತಗಿನ ಸೀಮೆಸುಣ್ಣದ ಕಲ್ಲಿಗೂ ಗಟ್ಟಿ ಅಮೃತಶಿಲೆಗೂ ಏನೂ ವ್ಯತ್ಯಾಸ ಕಾಣಲಿಲ್ಲ. ವೇಲ್ಸ್ ಕರಾವಳಿಯ ಅಬರ್ಥಾ ಎಂಬಲ್ಲಿನ ಸುಣ್ಣ ಮಾತ್ರ ನೀರಿನಲ್ಲೂ ಬಿಗಿಯಿತು. ಯಾಕೆ? ಕಲ್ಲನ್ನು ಆಮ್ಲದಲ್ಲಿ ಕರಗಿಸಿದಾಗ ತಳದಲ್ಲಿ ಜೇಡಿಮಣ್ಣು ಉಳಿಯಿತು. ಅದನ್ನು ಉಂಡೆ ಮಾಡಿ ಸುಟ್ಟರೆ ಇಟ್ಟಿಗೆಯಾಯಿತು. ಆ ಮಣ್ಣಿನ ಸಿಲಿಕಾ ಸುಣ್ಣದ ಜೊತೆ ಬೆಂದು, ನೀರನ್ನೇ ಕುಡಿದು ಗಟ್ಟಿಯಾಗುವ ಪದಾರ್ಥವಾಗುತ್ತದೆ ಎಂಬ ರಸಾಯನ ವಿವರಣೆ ಬಂದದ್ದು ಎಷ್ಟೋ ಕಾಲದ ನಂತರ. ಅವನು ಆ ಸುಣ್ಣಕ್ಕೆ ಇಟಲಿಯ ಜ್ವಾಲಾಮುಖಿ ಬೂದಿ ಪೊಝೊಲಾನವನ್ನು ಸಮಪಾಲು ಬೆರೆಸಿ ಗೋಪುರ ಕಟ್ಟಿದ. ನಮ್ಮ ಕನ್ನಂಬಾಡಿ ಕಟ್ಟೆಯ ಸುರ್ಕಿ ಗಾರೆಯಲ್ಲಿ ಇಟ್ಟಿಗೆ ಪುಡಿ ಮಾಡಿರುವುದೂ ಇದೇ ಕೆಲಸ.

ದೀಪ ಹೊತ್ತಿದ್ದು 1759ರ ಅಕ್ಟೋಬರ್ 16ರಂದು, 24 ಮೇಣದಬತ್ತಿಗಳಿಂದ. ನೂರಿಪ್ಪತ್ತು ವರ್ಷವಾದರೂ ಗೋಪುರ ಗಟ್ಟಿಯಾಗಿಯೇ ಇತ್ತು. ಅಡಿಯ ಬಂಡೆಯನ್ನು ಸಮುದ್ರ ಕೊರೆದಿದ್ದರಿಂದ 1882ರಲ್ಲಿ ಪಕ್ಕದಲ್ಲಿ ಹೊಸದು ಬಂತು. ಮೇಲ್ಭಾಗವನ್ನು ಬಿಚ್ಚಿ ಪ್ಲಿಮತ್‌ನಲ್ಲಿ ಮತ್ತೆ ನಿಲ್ಲಿಸಿದರು. ಬುಡದ ಮೋಟು ಇವತ್ತಿಗೂ ಬಂಡೆಯ ಮೇಲಿದೆ.

ಸ್ಟೀಫನ್‌ಸನ್ ವಿಷಯದಲ್ಲಿ ಅವನ ಬ್ರಿಟಾನಿಯಾ ರೈಲು ಸೇತುವೆಯನ್ನು ಮೊದಲಿಟ್ಟು, ಅವನದೇ ಡೀ ನದಿ ಸೇತುವೆಯ ಕುಸಿತವನ್ನು ಒಂದು ಸಾಲಿನಲ್ಲಿ ಮುಗಿಸಿದ್ದೀಯ. ತಿರುಗಿಸು. 1847ರ ಮೇ 24ರಂದು ಚೆಸ್ಟರ್ ಊರಿನ ಬಳಿ 98 ಅಡಿಯ ಎರಕದ ಕಬ್ಬಿಣದ ತೊಲೆ ರೈಲಿನಡಿ ಮುರಿದು ಐವರು ಸತ್ತರು. ಎರಕದ ಕಬ್ಬಿಣ ಒತ್ತುವಿಕೆಯನ್ನು ತಾಳುತ್ತದೆ. ಎಳೆತದಲ್ಲಿ ಅದರ ಶಕ್ತಿ ಸುಮಾರು ಆರರಲ್ಲೊಂದು ಪಾಲು. ಬಾಗುವ ತೊಲೆಯ ಕೆಳಅಂಚು ಎಳೆತಕ್ಕೆ ಸಿಗುತ್ತದೆ. ಅದಕ್ಕೆಂದೇ ಬಡಿದ ಕಬ್ಬಿಣದ ಸರಳುಗಳನ್ನು ಕಟ್ಟಿದ್ದರು. ಆದರೆ ಅವುಗಳ ತುದಿಯನ್ನು ಸಿಕ್ಕಿಸಿದ್ದು ಅದೇ ತೊಲೆಗೆ, ದಡದ ಕಟ್ಟಡಕ್ಕಲ್ಲ. ತೊಲೆ ಚೆನ್ನಾಗಿ ಬಾಗಿದರೆ ಮಾತ್ರ ಸರಳು ಭಾರ ಹೊರುತ್ತದೆ, ಎರಕದ್ದು ಅಷ್ಟು ಬಾಗುವ ಮೊದಲೇ ಸೀಳುತ್ತದೆ. ಸಾಲದ್ದಕ್ಕೆ, ಕೆಂಡ ಬಿದ್ದು ಹಲಗೆ ಸುಡದಿರಲಿ ಎಂದು ಅವತ್ತೇ ಸುಮಾರು 5 ಇಂಚು ಜಲ್ಲಿ ಹಾಸಿದ್ದರು.

ಇನ್ನು ಬ್ರಿಟಾನಿಯಾ. ವೇಲ್ಸಿನ ಮೆನಾಯ್ ಜಲಸಂಧಿಗೆ ಅಡ್ಡವಾಗಿ, 460 ಅಡಿಯ ಎರಡು ದೊಡ್ಡ ಅಂಕಣಗಳು, ಒಳಗೆ ರೈಲು ಓಡುವ ಪೆಟ್ಟಿಗೆಯಾಕಾರದ ಕೊಳವೆ ಆಗ ಇದ್ದವು. ಜೊತೆಗಿದ್ದ ಎಂಜಿನಿಯರ್ ಫೇರ್‌ಬೇರ್ನ್ ಲಂಡನ್ನಿನ ಮಿಲ್‌ವಾಲ್‌ನಲ್ಲಿ ಆರರಲ್ಲೊಂದು ಅಳತೆಯ, 75 ಅಡಿಯ ಮಾದರಿ ಮಾಡಿ, ಭಾರ ಹೇರಿ ಮುರಿದ. ಮುರಿದ ಕಡೆ ಬಲಪಡಿಸಿ ಮತ್ತೆ ಮುರಿದ. ತೆಳು ತಗಡಿನ ಕೊಳವೆಗಳಲ್ಲಿ ಮೇಲ್ಭಾಗವೇ ಒತ್ತಡಕ್ಕೆ ಸುಕ್ಕಾಗುತ್ತಿತ್ತು. ಅದಕ್ಕೇ ನಿಜವಾದ ಸೇತುವೆಯ ಮೇಲ್ಭಾಗದಲ್ಲಿ ಉದ್ದಕ್ಕೂ 8 ಪೊಳ್ಳು ಗೂಡುಗಳು, ಕೆಳಗೆ 6. ಗಣಿತಜ್ಞ ಹಾಡ್ಜ್‌ಕಿನ್ಸನ್‌ಗೆ ಅನುಮಾನ ಹೋಗಲಿಲ್ಲ, ಆಸರೆಗೆ ಸರಪಳಿ ಇರಲಿ ಎಂದ. ಸರಪಳಿ ಬೇಕಾಗಲೇ ಇಲ್ಲ. ಅದಕ್ಕೆಂದು ಬಿಟ್ಟ ರಂಧ್ರಗಳು ಗೋಪುರದಲ್ಲಿ ಉಳಿದವು. ಕೀರ್ತಿ ಯಾರದೆಂದು ಆಮೇಲೆ ಸ್ಟೀಫನ್‌ಸನ್‌ಗೂ ಫೇರ್‌ಬೇರ್ನ್‌ಗೂ ಜಗಳವಾಯಿತು. ನೀನು ಮೂರೂ ಹೆಸರು ಬರೆ.

1849ರ ಆಗಸ್ಟ್‌ನಲ್ಲಿ ಸಾವಿರದೈನೂರು ಟನ್ನಿನಷ್ಟು ಭಾರದ ಕೊಳವೆಯನ್ನು ಹೈಡ್ರಾಲಿಕ್ ಪ್ರೆಸ್‌ನಿಂದ ಎತ್ತುವಾಗ ಪ್ರೆಸ್ಸಿನ ತಳವೇ ಒಡೆಯಿತು. ಆದರೂ ಕೊಳವೆ ಕೆಳಗಿಳಿದದ್ದು ಒಂದಡಿಗಿಂತ ಕಡಿಮೆ. ಎತ್ತುವಾಗ ಇಂಚಿಂಚಿಗೂ ಅಡಿಯಲ್ಲಿ ಆಸರೆ ತುಂಬುತ್ತಾ ಬರಬೇಕೆಂದು ಸ್ಟೀಫನ್‌ಸನ್ ಕಟ್ಟುನಿಟ್ಟು ಮಾಡಿದ್ದ. ಡೀ ನದಿ ಕಲಿಸಿದ್ದ ಪಾಠ ಎಂದೇ ನನ್ನ ಅನಿಸಿಕೆ.

ಬ್ರುನೆಲ್‌ನ ಟೋಪಿ, ಸಿಗಾರಿನ ಫೋಟೋ ತೆಗೆದುಬಿಡು. ಬಿಡಲಾಗದಿದ್ದರೆ, ಅವನ ಗಾಳಿಯೊತ್ತಡದ ರೈಲು ಹಳಿ ನಡುವಿನ ಕೊಳವೆಯ ಚರ್ಮದ ಮುಚ್ಚಳ ಕೆಟ್ಟು ಗಾಳಿ ಸೋರಿದ್ದರಿಂದ 1848ರಲ್ಲಿ, ಒಂದೇ ವರ್ಷಕ್ಕೆ ನಿಂತದ್ದನ್ನು ಎರಡು ಸಾಲು ಬರೆ.

ಸೆಮಿನಾರಿಗೆ ಇನ್ನೂ ಸಮಯವಿದೆ, ಉಂಡೆ ನೀನೇ ಕಟ್ಟಿ ನೋಡು. ಒಂದು ಸಾಲು ಬರೀ ಸುಣ್ಣ ಮತ್ತು ಮರಳು, ಇನ್ನೊಂದು ಸುಣ್ಣ ಮತ್ತು ಇಟ್ಟಿಗೆ ಪುಡಿ ಸಮಪಾಲು. ಪುಡಿಯನ್ನು ಮೈದಾ ಜರಡಿಯಲ್ಲಿ ಸೋಸು. ತರಿ ಇದ್ದರೆ ಅದು ಬರೀ ಮರಳಿನಂತೆ ಕೂರುತ್ತದೆ. ಕರಕಲಾಗಿ ಬೆಂದ ಇಟ್ಟಿಗೆ ಬೇಡ, ಅದು ಸುಣ್ಣದೊಂದಿಗೆ ಸೇರುವುದಿಲ್ಲ. ನೀರು ಚಪಾತಿ ಹಿಟ್ಟಿನ ಹದಕ್ಕಿಂತ ಹೆಚ್ಚಾಗದಿರಲಿ. ಎರಡು ದಿನ ಒದ್ದೆ ಗೋಣಿಯಡಿ ಇಟ್ಟು ಆಮೇಲೆ ಮುಳುಗಿಸು. 7ನೇ ದಿನ, 28ನೇ ದಿನ ಉಗುರಿನಿಂದ ಗೀರಿ ಬರೆದುಕೋ. ಸುಣ್ಣವನ್ನು ಅರಳಿಸಿ ಒಂದು ವಾರವಾದರೂ ನೆನೆಯಲು ಬಿಡು. ಅರಳದ ಚೂರು ಉಳಿದರೆ ಆಮೇಲೆ ಉಬ್ಬಿ ಉಂಡೆಯನ್ನು ಸೀಳುತ್ತದೆ, ನೀನು ಗಾರೆಯನ್ನು ಬಯ್ಯುತ್ತೀಯ. ಅರಳಿಸುವಾಗ ನೀರಿಗೆ ಸುಣ್ಣವನ್ನು ಸ್ವಲ್ಪಸ್ವಲ್ಪವೇ ಹಾಕು, ಕುದಿದು ಸಿಡಿಯುತ್ತದೆ. ಕಣ್ಣಿಗೆ ಲ್ಯಾಬಿನ ಕನ್ನಡಕ ಹಾಕಿಕೊಳ್ಳದೆ ಮುಟ್ಟಬೇಡ.

ಇಂತಿ,
ನಿನ್ನ ದೊಡ್ಡಪ್ಪ