ಅವನನ್ನೇ ಕೇಳಿ

ಸಂಪಾದಕರಿಗೆ ನಮಸ್ಕಾರ.

ಹೋದ ತಿಂಗಳು ನನ್ನ ತಮ್ಮನನ್ನು ಕರೆದುಕೊಂಡು ಒಂದು ಕಚೇರಿಗೆ ಹೋಗಿದ್ದೆ. ಅವನದೇ ಕೆಲಸ, ಅವನದೇ ಅರ್ಜಿ. ಬೆಳಿಗ್ಗೆ ಬೇಗ ಎದ್ದು ಬಿಳಿ ಅಂಗಿ ಹಾಕಿಕೊಂಡಿದ್ದ. ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಯುಡಿಐಡಿ ಕಾರ್ಡನ್ನು ಕಿಸೆಯಲ್ಲಿಟ್ಟುಕೊಂಡು ದಾರಿಯುದ್ದಕ್ಕೂ ಮೇಲಿಂದ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ. ಕೌಂಟರಿನಲ್ಲಿದ್ದವರು ಅವನನ್ನು ಒಂದು ಸಲ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ‘ಇವನ ಹೆಸರೇನ್ರೀ?’ ಎಂದರು.

ಅವನು ನನ್ನ ಮಗ್ಗುಲಲ್ಲೇ ನಿಂತಿದ್ದ. ಅವನಿಗೆ ತನ್ನ ಹೆಸರು ಗೊತ್ತು. ಅಪ್ಪನ ಹೆಸರು, ಓಣಿಯ ಹೆಸರು ಗೊತ್ತು. ಹೇಳಲಿಕ್ಕೆ ಬಾಯಿ ತೆರೆದಿದ್ದ. ಅವನ ಮಾತು ಹೊರಗೆ ಬರಲು ಸ್ವಲ್ಪ ಹೊತ್ತು ಬೇಕು. ಅಷ್ಟರಲ್ಲಿ ಎರಡನೇ ಪ್ರಶ್ನೆಯೂ ನನಗೇ ಬಂತು. ‘ವಯಸ್ಸೆಷ್ಟು? ಏನರ ತಿಳಿತದೇನು ಇವಗ?’ ಹಿಂದೆ ಜನ ಕಾಯುತ್ತಿದ್ದರು. ನಾನೇ ಎಲ್ಲ ಹೇಳಿಬಿಟ್ಟೆ. ಮನೆಗೆ ಬರುವಾಗ ಅವನು ಮಾತಾಡಲಿಲ್ಲ. ಕಿಸೆಯ ಕಾರ್ಡನ್ನೂ ಮುಟ್ಟಿ ನೋಡಲಿಲ್ಲ.

ಅವತ್ತು ನಾನು ಹೇಳಬೇಕಿದ್ದದ್ದು ಎರಡೇ ಮಾತು, ‘ಅವನನ್ನೇ ಕೇಳಿ’ ಅಂತ. ಅಲ್ಲಿ ಹೇಳಲಿಲ್ಲ. ಅದಕ್ಕೇ ಈ ಪತ್ರ.

ನಾನು ಸೇಡಂನವಳು. 48 ವರ್ಷ. ಮನೆಯಲ್ಲಿ ಬಿಳಿಜೋಳದ ಖಡಕ್ ರೊಟ್ಟಿ ಮಾಡಿ ಖಾನಾವಳಿಗಳಿಗೆ, ಅಂಗಡಿಗಳಿಗೆ ಕೊಡುತ್ತೇನೆ. ಇನ್ನಿಬ್ಬರು ಹೆಣ್ಣುಮಕ್ಕಳು ಬಂದು ರೊಟ್ಟಿ ತಟ್ಟುತ್ತಾರೆ. ತಮ್ಮನಿಗೆ 38. ಅವನಿಗೆ ಹುಟ್ಟಿನಿಂದ ಬೌದ್ಧಿಕ ವಿಕಲತೆ ಇದೆ. ಅಪ್ಪ, ಅವ್ವ ಈಗಿಲ್ಲ. ಅವನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬರೆಯಲಾ ಎಂದು ಕೇಳಿದೆ, ಬೇಡ ಅಂದ. ಊರು ಸಣ್ಣದು. ನನ್ನ ಹೆಸರು ಹಾಕಿದರೆ ಅವನು ಯಾರು ಎಂದು ಗೊತ್ತಾಗುತ್ತದೆ. ಹಾಗಾಗಿ ನನ್ನ ಹೆಸರನ್ನೂ ದಯವಿಟ್ಟು ಪ್ರಕಟಿಸಬೇಡಿ.

ರೊಟ್ಟಿ ಕೆಲಸದಲ್ಲಿ ಎಣಿಸಿ ಕಟ್ಟುವುದು ಅವನದು. ಅವನಿಗೆ ಐದರ ಮೇಲೆ ಎಣಿಕೆ ಬರುವುದಿಲ್ಲ. ಪಾಕೀಟಿಗೆ ಹತ್ತು ರೊಟ್ಟಿ ಬೇಕು. ಬಹಳ ದಿನ ನಾನೇ ಎಣಿಸುತ್ತಿದ್ದೆ, ಅವನು ಸುಮ್ನೆ ಕೂತಿರುತ್ತಿದ್ದ. ಒಂದು ದಿನ ಹಳೆಯ ಮಣೆಯೊಂದನ್ನು ತೆಗೆದು ಅದರ ಮೇಲೆ ಬಣ್ಣದಲ್ಲಿ ಎರಡು ಸಾಲು ಗುಂಡು ಬರೆದೆ. ಸಾಲಿಗೆ ಐದು. ಪಕ್ಕದಲ್ಲಿ ಒಂದು ಬಟ್ಟಲು ಹುಣಸೆ ಬೀಜ ಇಟ್ಟೆ. ಒಂದು ರೊಟ್ಟಿ ಇಟ್ಟರೆ ಒಂದು ಗುಂಡಿನ ಮೇಲೆ ಒಂದು ಬೀಜ. ಎಲ್ಲ ಗುಂಡುಗಳ ಮೇಲೂ ಬೀಜ ಬಂದರೆ ಪಾಕೀಟು ಮುಗಿಯಿತು. ಬೀಜಗಳನ್ನೆಲ್ಲ ಬಾಚಿ ಮತ್ತೆ ಬಟ್ಟಲಿಗೆ ಸುರಿಯುತ್ತಾನೆ. ಆ ಸಪ್ಪಳ ಅವನಿಗೆ ತುಂಬಾ ಇಷ್ಟ. ಪ್ರತಿ ರೊಟ್ಟಿಯನ್ನೂ ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಾನೆ. ಕೂದಲಿನಷ್ಟು ಬಿರುಕಿದ್ದರೂ ಅವನ ಕಣ್ಣಿಗೆ ಬೀಳುತ್ತದೆ, ನಮ್ಮ ಯಾರ ಕಣ್ಣಿಗೂ ಬೀಳುವುದಿಲ್ಲ. ಎಳ್ಳ ಅಮಾವಾಸ್ಯೆ ಹತ್ತಿರ ಬಂದರೆ ಸಜ್ಜೆ ರೊಟ್ಟಿ ಕೇಳುವವರು ಜಾಸ್ತಿ. ಆಗ ದಿನಕ್ಕೆ ಮುನ್ನೂರು ರೊಟ್ಟಿ ಅವನ ಕೈ ದಾಟಿ ಹೋಗುತ್ತವೆ. ಲೆಕ್ಕ ತಪ್ಪಿದೆ ಎಂದು ಇದುವರೆಗೆ ಒಂದು ಪಾಕೀಟೂ ವಾಪಸ್ ಬಂದಿಲ್ಲ.

ಆ ಮಣೆ ಮಾಡಲು ನನಗೆ ಹತ್ತು ನಿಮಿಷ ಸಾಕಾಯಿತು. ಅದು ಹೊಳೆಯಲು ಮಾತ್ರ ಎಷ್ಟೋ ವರ್ಷ ಹಿಡಿಯಿತು. ಆ ವರ್ಷಗಳನ್ನೆಲ್ಲ ಅವನು ಗೋಡೆಗೆ ಒರಗಿ ಕೂತು ಕಳೆದ. ನೆನಪಾದಾಗೆಲ್ಲ ನನಗೆ ಸಂಕಟವಾಗುತ್ತದೆ.

ಅವನನ್ನು ಮೊದಲು ಮಾತಾಡಿಸಿದ ಹೊರಗಿನವರು ಸಿಕಂದರಾಬಾದಿನ ಒಬ್ಬ ಟೀಚರ್. ಅದು 1994. ಅವನಿಗೆ ಆರು ವರ್ಷ, ನನಗೆ ಹದಿನಾರು. ಅದಕ್ಕೂ ಮೊದಲು ಅಪ್ಪ ಅವನನ್ನು ಕಲಬುರಗಿಯ ಶರಣಬಸವೇಶ್ವರರ ಗುಡಿಗೆ ಕರೆದೊಯ್ದಿದ್ದರು, ಬಂದೇನವಾಜರ ದರ್ಗಾಕ್ಕೂ ಕರೆದೊಯ್ದಿದ್ದರು. ಕೊರಳಲ್ಲಿ ಮೂರು ತಾಯಿತ ಇದ್ದವು. ಸಿಕಂದರಾಬಾದಿನಲ್ಲಿ ಇಂಥ ಮಕ್ಕಳಿಗೆಂದೇ ಕೇಂದ್ರ ಸರ್ಕಾರದ ಸಂಸ್ಥೆ ಇದೆ ಎಂದು ಯಾರೋ ಹೇಳಿದರು. 1984ರಲ್ಲಿ ಶುರುವಾದದ್ದು. ಈಗ ಅದಕ್ಕೆ ಎನ್‌ಐಇಪಿಐಡಿ ಎನ್ನುತ್ತಾರೆ. ಸೇಡಂನಿಂದ ರೈಲು ಹತ್ತಿ ತಾಂಡೂರಿನ ಮೇಲೆ ಹೋದೆವು.

ಅಪ್ಪ ಕಾಗದದ ಗಂಟು ಬಿಚ್ಚುತ್ತಿದ್ದರು. ಆ ಟೀಚರ್ ಅಪ್ಪನ ಕಡೆ ನೋಡಲೇ ಇಲ್ಲ. ಬಂದು ತಮ್ಮನ ಎದುರು ನೆಲದ ಮೇಲೆ ಕೂತರು. ತೆಲುಗಿನಲ್ಲಿ ಕೇಳಿದರು, ‘ನೀ ಪೇರೇಮಿಟಿ ನಾನ್ನಾ?’ ನಮ್ಮ ಕಡೆ ತೆಲುಗು ಎಲ್ಲರ ಕಿವಿಗೂ ಬಿದ್ದಿರುತ್ತದೆ, ಅವನಿಗೂ ತಿಳಿಯಿತು. ಕೇಳಿ ಸುಮ್ಮನೆ ಕೂತರು. ಎಷ್ಟೊತ್ತು! ಅವ್ವ ನಡುವೆ ಬಾಯಿ ಹಾಕಲು ಹೋದಳು. ಟೀಚರ್ ಕೈ ಎತ್ತಿ ತಡೆದರು. ಕೊನೆಗೆ ಅವನು ಹೇಳಿದ. ಅರ್ಧ ಹೆಸರು. ಹೊರಗಿನ ಒಬ್ಬರಿಗೆ ಅವನು ತನ್ನ ಹೆಸರು ಹೇಳಿದ್ದು ಅದೇ ಮೊದಲು. ಬರುವಾಗ ರೈಲಿನಲ್ಲಿ ಅಪ್ಪ ನಮಗೆ ಯಾರಿಗೂ ಮುಖ ತೋರಿಸದೆ ಕಿಟಕಿಯ ಕಡೆ ತಿರುಗಿ ಕೂತಿದ್ದರು.

ಅಲ್ಲಿ ನಮಗೆ ಇನ್ನೊಂದು ವಿಷಯ ಬಿಡಿಸಿ ಹೇಳಿದರು. ಇದು ರೋಗವಲ್ಲ, ಗುಳಿಗೆ ತಗೊಂಡರೆ ಹೋಗುವಂಥದ್ದಲ್ಲ. ಕಲಿಯುವುದು ನಿಧಾನ, ಆದರೆ ಕಲಿಯುತ್ತಾನೆ. ಮಾನಸಿಕ ಕಾಯಿಲೆ ಬೇರೆ, ಇದು ಬೇರೆ. ನಮ್ಮ ಕಡೆ ಎರಡಕ್ಕೂ ಒಂದೇ ಪದ ಬಳಸುತ್ತಾರೆ. ಆ ಪದವನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಇಬ್ಬರಿಗೂ ಸಲ್ಲದ ಪದ.

2011ರ ಜನಗಣತಿಯವರು ಮನೆಗೆ ಬಂದಾಗ ವಿಕಲಚೇತನರು ಯಾರಾದರೂ ಇದ್ದಾರಾ ಎಂದು ಕೇಳಿದ್ದರು. ಅವ್ವ ‘ಅಂಥವರು ಯಾರೂ ಇಲ್ರಿ’ ಎಂದಳು. ತಮ್ಮ ಒಳಗಿನ ಕೋಣೆಯಲ್ಲಿದ್ದ. ಅವ್ವನ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಮದುವೆ ಮುರಿದಿದ್ದು ಅವನ ಕಾರಣಕ್ಕೇ ಎಂದು ಓಣಿಯವರು ಆಡಿದ ಮಾತನ್ನು ಕೇಳಿ ಕೇಳಿ ಹಣ್ಣಾಗಿದ್ದಳು. ಆದರೆ ಆ ಗಣತಿಯಲ್ಲಿ ದೇಶದಲ್ಲಿ ಬೌದ್ಧಿಕ ವಿಕಲತೆ ಇರುವವರು 15 ಲಕ್ಷ ಎಂದು ಲೆಕ್ಕ ಸಿಕ್ಕಿತಲ್ಲ, ಅದರಲ್ಲಿ ನನ್ನ ತಮ್ಮ ಇಲ್ಲ. ಹೀಗೆ ಒಳಕೋಣೆಯಲ್ಲಿ ಉಳಿದುಹೋದವರು ನಮ್ಮ ಜಿಲ್ಲೆಯಲ್ಲೇ ಇನ್ನೂ ಎಷ್ಟು ಮಂದಿ ಇದ್ದಾರೋ. ಈಗ ಮತ್ತೆ ಜನಗಣತಿ ಬಂದಿದೆ, 2027ರದ್ದು. ನಡುವೆ ವಿಕಲಚೇತನರ ಕಾನೂನು ಕೂಡ ಬದಲಾಗಿದೆ. 1995ರ ಕಾಯ್ದೆಯಲ್ಲಿ ಏಳು ಬಗೆಯ ವಿಕಲತೆ ಮಾತ್ರ ಇದ್ದವು. 2016ರ ಕಾಯ್ದೆಯಲ್ಲಿ 21 ಇವೆ, ಆಟಿಸಂ ಕೂಡ ಸೇರಿದೆ. ಮನೆಯಲ್ಲಿ ಇಂಥವರಿದ್ದರೆ ದಯವಿಟ್ಟು ಮುಚ್ಚಿಡಬೇಡಿ. ಪಡಸಾಲೆಗೆ ಕರೆದು ಕೂರಿಸಿ. ಗಣತಿಗೆ ಬಂದ ಟೀಚರೂ ಅವರನ್ನು ನೋಡಲಿ, ಹೆಸರು ಅವರಿಂದಲೇ ಕೇಳಲಿ.

ಓಟಿನ ವಿಷಯ ಹೇಳಲೇಬೇಕು. 2024ರ ಮೇ 7ರಂದು ನಮ್ಮಲ್ಲಿ ಲೋಕಸಭೆ ಚುನಾವಣೆ. ಬಿಸಿಲು ಏರುವ ಮೊದಲೇ ಹೋಗೋಣ ಎಂದು ಏಳು ಗಂಟೆಗೇ ಸಾಲಿನಲ್ಲಿ ನಿಂತೆವು. ಹಿಂದಿನ ವಾರ ಚಿಹ್ನೆಗಳನ್ನೆಲ್ಲ ಕಾಗದದ ಮೇಲೆ ಅಂಟಿಸಿ ಅವನಿಗೆ ತೋರಿಸಿದ್ದೆ. ಯಾವುದನ್ನು ಒತ್ತಬೇಕು ಎಂದು ಹೇಳಿರಲಿಲ್ಲ. ಸಾಲಿನಲ್ಲಿ ಹಿಂದೆ ನಿಂತವರೊಬ್ಬರು, ‘ಇವಗ್ಯಾಕ್ರಿ ಓಟ? ಅಕ್ಕ ಹೇಳಿದ್ದ ಒತ್ತತಾನ’ ಎಂದರು. ನಾಲ್ಕು ಜನ ನಕ್ಕರು. ಅವನು ತಲೆ ತಗ್ಗಿಸಿದ. ಅವರಿಗೆ ನಾನು ಅಲ್ಲೇ ಹೇಳಿದೆ, ಇಲ್ಲಿಯೂ ಹೇಳುತ್ತೇನೆ. ಮತಿ ಸ್ಥಿಮಿತವಿಲ್ಲ ಎಂದು ನ್ಯಾಯಾಲಯ ಹೇಳಿದರೆ ಮಾತ್ರ ಆ ಕಾರಣಕ್ಕೆ ಪಟ್ಟಿಯಿಂದ ಹೆಸರು ತೆಗೆಯಲು ಬರುತ್ತದೆ. ಸರ್ಟಿಫಿಕೇಟಿನಲ್ಲಿ ಬೌದ್ಧಿಕ ವಿಕಲತೆ ಎಂದು ಇದ್ದ ಮಾತ್ರಕ್ಕೆ ಓಟಿನ ಹಕ್ಕು ಹೋಗುವುದಿಲ್ಲ. ಹತ್ತು ಜನರ ಮುಂದೆ ಬೇಕಂತಲೇ ವಿಕಲಚೇತನರ ಮಾನ ಕಳೆದರೆ 2016ರ ಕಾಯ್ದೆಯಲ್ಲಿ ಆರು ತಿಂಗಳಿಂದ ಐದು ವರ್ಷದವರೆಗೆ ಶಿಕ್ಷೆ ಇದೆ ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೂ ಯಾರನ್ನೂ ಜೈಲಿಗೆ ಕಳಿಸುವ ಆಸೆ ನನಗಿಲ್ಲ. ಆ ನಗು ನಿಂತರೆ ಸಾಕು.

ಅವನು ಒಬ್ಬನೇ ಒಳಗೆ ಹೋಗಿ ಬಂದ. ಯಾರಿಗೆ ಹಾಕಿದೆ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಬೆರಳಿನ ಶಾಯಿ ಹೋಗುವವರೆಗೂ ಎಡಗೈಯನ್ನು ನೀರಿಗೆ ಹಾಕಲು ಬಿಡಲಿಲ್ಲ. ಬಂದವರಿಗೆಲ್ಲ ತೋರಿಸಿದ.

ಬ್ಯಾಂಕೊಂದರಲ್ಲಿ, ‘ಖಾತೆ ನಿಮ್ಮ ಹೆಸರಿಗೆ ಮಾಡ್ರಿ, ಇವನ ಹೆಸರಿಗೆ ಆಗಂಗಿಲ್ಲ’ ಎಂದಿದ್ದರು. ನಾನು ಒಪ್ಪಿಕೊಂಡು ಬಂದುಬಿಟ್ಟಿದ್ದೆ. ಆಮೇಲೆ ನಮ್ಮ ಊರಿನ ಯುಆರ್‌ಡಬ್ಲ್ಯೂ, ಅಂದರೆ ನಗರ ಪುನರ್ವಸತಿ ಕಾರ್ಯಕರ್ತರು, ನನ್ನನ್ನು ಕೂರಿಸಿ ತಿಳಿಸಿದರು. ಅವರೂ ವಿಕಲಚೇತನರೇ. ಆಸ್ತಿ ಹೊಂದುವ, ತನ್ನ ದುಡ್ಡಿನ ವ್ಯವಹಾರ ತಾನು ನೋಡಿಕೊಳ್ಳುವ ಹಕ್ಕು ಎಲ್ಲರ ಹಾಗೆ ಅವನಿಗೂ ಇದೆ, 2016ರ ಕಾಯ್ದೆಯ 13ನೇ ಸೆಕ್ಷನ್ ಅದನ್ನೇ ಹೇಳುತ್ತದೆ. 18 ತುಂಬಿದ ಮೇಲೆ ಅಪ್ಪ, ಅವ್ವ, ಅಕ್ಕ ಯಾರೂ ತಾವಾಗಿಯೇ ಕಾನೂನಿನ ಪೋಷಕರಾಗುವುದಿಲ್ಲ. ಪೋಷಕರು ಬೇಕೇ ಬೇಕೆಂದರೆ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕು. ಅದು 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿದೆ. 2016ರ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಪೋಷಕರಾದವರು ಒಂದು ಗೊತ್ತಾದ ನಿರ್ಧಾರಕ್ಕೆ, ಒಂದು ಗೊತ್ತಾದ ಅವಧಿಗೆ ಮಾತ್ರ, ಅವನ ಜೊತೆ ಕೂತು, ಅವನ ಇಷ್ಟದಂತೆ ನಿರ್ಧಾರ ಮಾಡಬೇಕು ಎನ್ನುತ್ತದೆ. ಇದನ್ನು ಕೇಳಿದಾಗ ನನಗೆ ಅಳು ಬಂತು. ಯಾಕೆಂದರೆ ಅಲ್ಲಿಯವರೆಗೆ ಅವನ ಅಂಗಿಯ ಬಣ್ಣವನ್ನೂ ನಾನೇ ಆರಿಸುತ್ತಿದ್ದೆ. ಹಳ್ಳಿಯವರಿಗೆ ಇಂಥ ಕಾರ್ಯಕರ್ತರು ಗ್ರಾಮ ಪಂಚಾಯಿತಿಯಲ್ಲೇ ಸಿಗುತ್ತಾರೆ, ವಿಆರ್‌ಡಬ್ಲ್ಯೂ ಎಲ್ಲಿ ಎಂದು ಕೇಳಿ. ತಾಲ್ಲೂಕು ಪಂಚಾಯಿತಿಯಲ್ಲಿ ಎಂಆರ್‌ಡಬ್ಲ್ಯೂ ಇರುತ್ತಾರೆ.

ಮದುವೆ, ಜಾತ್ರೆಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ‘ಮನೆ ಮಂದಿಯೆಲ್ಲ ಬರ್ರಿ’ ಎಂದು ಅಕ್ಷತೆ ಕೊಟ್ಟು, ಬಾಗಿಲ ತನಕ ಹೋದ ಮೇಲೆ ‘ಅವನ್ನ ಯಾರರ ನೋಡ್ಕೋತಾರಲ್ಲ?’ ಎಂದು ಕೇಳುತ್ತಾರೆ. ಅಂಥ ಮದುವೆಗಳಿಗೆ ನಾನೀಗ ಹೋಗುವುದಿಲ್ಲ.

ಸಂಪಾದಕರೇ, ನಿಮ್ಮಲ್ಲೂ ಒಂದು ಕೋರಿಕೆ ಇದೆ. ಪ್ರತಿ ವರ್ಷ ವಿಕಲಚೇತನರ ದಿನ, ಅಂದರೆ ಡಿಸೆಂಬರ್ 3ರ ಆಸುಪಾಸು ಪತ್ರಿಕೆಗಳಲ್ಲಿ ‘ಬುದ್ಧಿಮಾಂದ್ಯ ಮಕ್ಕಳಿಗೆ ಹಣ್ಣು ವಿತರಣೆ’ ಎಂದು ಫೋಟೊ ಬರುತ್ತದೆ. ಕೊಡುವವರ ಮನಸ್ಸು ಒಳ್ಳೆಯದೇ, ಅದರಲ್ಲಿ ಅನುಮಾನವಿಲ್ಲ. ಒಂದು ಸಲ ಅಂಥ ಫೋಟೊದಲ್ಲಿ ನನ್ನ ತಮ್ಮನೂ ಇದ್ದ. ಅವನಿಗೆ ಆಗಲೇ ಮೂವತ್ತು ದಾಟಿತ್ತು, ಮೀಸೆ ಇತ್ತು. ಆದರೂ ‘ಮಕ್ಕಳು’ ಎಂದೇ ಬರೆದಿದ್ದರು. ಫೋಟೊದ ಕೆಳಗೆ ಹಣ್ಣು ಕೊಟ್ಟ ಎಂಟು ಜನರ ಹೆಸರಿತ್ತು. ತೆಗೆದುಕೊಂಡವರಲ್ಲಿ ಒಬ್ಬರ ಹೆಸರೂ ಇರಲಿಲ್ಲ. ಅವನು ಆ ಕಾಗದವನ್ನು ನನ್ನ ಕೈಗೆ ಕೊಟ್ಟು, ‘ನನ್ ಹೆಸರು ಎಲ್ಲಿ?’ ಎಂದು ಕೇಳಿದ. ಎರಡು ಸಲ ಕೇಳಿದ.

ನಿಮ್ಮ ವರದಿಗಾರರಿಗೆ ಹೇಳಿ. ಫೋಟೊ ತೆಗೆಯುವ ಮೊದಲು, ತೆಗೆಯಲಾ ಎಂದು ಅವರನ್ನೇ ಕೇಳಲಿ. ಹೆಸರು ಹಾಕಲಾ ಎಂದು ಕೇಳಲಿ. ಬೇಡ ಎಂದರೆ ಬಿಡಲಿ, ಹಾಕಿ ಎಂದರೆ ಎಲ್ಲರಂತೆ ಹಾಕಲಿ. ದೊಡ್ಡವರನ್ನು ಮಕ್ಕಳು ಎಂದು ಬರೆಯುವುದು ಬೇಡ. ಬುದ್ಧಿಮಾಂದ್ಯ ಎಂಬ ಪದವನ್ನೂ ಬಿಡಬಹುದು ಅಲ್ವಾ? ಕಾಯ್ದೆಯೇ ಆ ಹಳೆಯ ಪದವನ್ನು ಬಿಟ್ಟಿದೆ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಸಿನಿಮಾದವರಿಗೆ ಹೇಳಿದ್ದೂ ಇದನ್ನೇ. ವಿಕಲಚೇತನರನ್ನು ಕೀಳಾಗಿ ಕಾಣಿಸುವ ಮಾತು ಬೇಡ, ಅವರ ಬಗ್ಗೆ ಏನು ಮಾಡುವಾಗಲೂ ಅವರನ್ನು ಬಿಟ್ಟು ಮಾಡಬೇಡಿ ಎಂದು.

ಕಚೇರಿಗಳಲ್ಲಿ, ಬ್ಯಾಂಕುಗಳಲ್ಲಿ, ಆಸ್ಪತ್ರೆಗಳಲ್ಲಿ ಕೂತಿರುವ ಅಣ್ಣ ಅಕ್ಕಂದಿರಿಗೂ ಒಂದು ಮಾತು. ನಿಮಗೆ ಕೆಲಸದ ಒತ್ತಡ ಇದೆ, ಸಾಲು ಉದ್ದ ಇದೆ, ನನಗೆ ಗೊತ್ತು. ಇಂಥವರು ಎದುರಿಗೆ ಬಂದಾಗ ಅವರ ಮುಖ ನೋಡಿ ಒಂದೇ ಪ್ರಶ್ನೆ ಕೇಳಿ. ಸಣ್ಣ ಪ್ರಶ್ನೆ. ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಉತ್ತರ ಬರದಿದ್ದರೆ ಇನ್ನೊಮ್ಮೆ ಅದೇ ಮಾತಿನಲ್ಲಿ ಕೇಳಿ. ಆಗಲೂ ಬರದಿದ್ದರೆ, ‘ನಿಮ್ಮ ಅಕ್ಕನನ್ನು ಕೇಳಲಾ?’ ಎಂದು ಅವರನ್ನೇ ಕೇಳಿ. ಮಾತು ಬಾರದವರು ತಲೆಯಾಡಿಸುತ್ತಾರೆ, ಕೈ ತೋರಿಸುತ್ತಾರೆ, ಕಣ್ಣಿನಲ್ಲಿ ಹೇಳುತ್ತಾರೆ. ನೋಡಿದರೆ ತಿಳಿಯುತ್ತದೆ. ಮತ್ತೆ ನನ್ನಂಥ ಅಕ್ಕಂದಿರೇ, ಅವ್ವಂದಿರೇ, ಅಷ್ಟು ಹೊತ್ತು ನಾವೂ ಬಾಯಿ ಮುಚ್ಚಿಕೊಂಡಿರೋಣ. ನನಗೂ ಅದು ಸುಲಭವಲ್ಲ. ನನಗೆ ಬಿ.ಪಿ. ಇದೆ, ವಯಸ್ಸಾಗುತ್ತಿದೆ. ನಾನಿಲ್ಲದ ದಿನ ಅವನು ಆ ಕೌಂಟರಿಗೆ ಒಬ್ಬನೇ ಹೋಗಬೇಕಾಗುತ್ತದೆ. ಅವತ್ತು ಅವನ ಮಾತು ಕೇಳಿಸಿಕೊಳ್ಳುವವರು ಅಲ್ಲಿರಬೇಕು.

ಈ ಪತ್ರವನ್ನು ಕಳಿಸುವ ಮೊದಲು ಅವನಿಗೆ ಪೂರ್ತಿ ಓದಿ ಹೇಳಿದೆ. ಎರಡು ಸಂಜೆ ಹಿಡಿಯಿತು. ಅವನ ಬಗ್ಗೆ ಬರೆದಿದ್ದ ಒಂದು ಸಂಗತಿಯನ್ನು ತೆಗೆ ಅಂದ, ತೆಗೆದಿದ್ದೇನೆ. ಚಹಾ ಮಾಡುವುದನ್ನು ಯಾಕೆ ಬರೆದಿಲ್ಲ ಎಂದು ಕೇಳಿದ. ಹೌದು, ನಮ್ಮ ಮನೆಯಲ್ಲಿ ಸಂಜೆಯ ಚಹಾ ಅವನೇ ಮಾಡುತ್ತಾನೆ. ಶುಂಠಿ ಜಜ್ಜಿ ಹಾಕುತ್ತಾನೆ.

– ಒಬ್ಬ ಅಕ್ಕ, ಸೇಡಂ, ಕಲಬುರಗಿ ಜಿಲ್ಲೆ