ಸ್ಕೋರ್ ಪುಸ್ತಕ ಕೊಟ್ಟು ಕೂರಿಸಿದವರಿಗೆ

ಕಳೆದ ಭಾನುವಾರ ಸಂಜೆ ವಾಲಿಬಾಲಿನ ಒಂದು ಪೂರ್ತಿ ಸೆಟ್ ಆಡಿದೆ. 25 ಪಾಯಿಂಟಿನ ಒಂದೇ ಸೆಟ್. ನನ್ನ ಸರದಿ ನೆಟ್ ಹತ್ತಿರ ಬಂದಾಗಲೆಲ್ಲ ಬೇರೆಯವರು ಒಳಗೆ ಬಂದು ನನ್ನನ್ನು ಹೊರಗೆ ಕಳಿಸಿದರು, ಹಿಂದಿನ ಸಾಲಿನಲ್ಲಿ ಮಾತ್ರ ಆಡುವ ಲಿಬರೋ ಆಟಗಾರನಿಗೆ ಮಾಡುವ ಹಾಗೆ. ಹಾರಲಿಲ್ಲ, ಹೊಡೆಯಲಿಲ್ಲ, ಬಂದ ಚೆಂಡನ್ನು ಎತ್ತಿ ಕೊಟ್ಟೆ ಅಷ್ಟೇ. ಮನೆಗೆ ಬಂದು ಹಂಡೆಯ ಬಿಸಿನೀರಲ್ಲಿ ಕಾಲು ತೊಳೆಯುವಾಗ ಅಳು ಬಂತು. ಕಾಲಿಗೆ ಪೆಟ್ಟಾಗಿ ಆಟ ಬಿಟ್ಟು ಹನ್ನೊಂದು ತಿಂಗಳಾಗಿತ್ತು. ಈ ಹನ್ನೊಂದು ತಿಂಗಳು ಜೊತೆಗಿದ್ದವರಿಗೆ ಎದುರಿಗೆ ನಿಂತು ಹೇಳೋಣ ಅಂದರೆ ಮಾತು ಹೊರಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಊರು ಶಿರಸಿ ಪೇಟೆಯಿಂದ ಸ್ವಲ್ಪ ಒಳಗೆ. ಮಳೆಗಾಲ ಮುಗಿದು ನೆಲ ಒಣಗಿತು ಅಂದರೆ ದೇವಸ್ಥಾನದ ಹಿಂದಿನ ಬಯಲಲ್ಲಿ ಹುಲ್ಲು ಕೆತ್ತಿ, ಸುಣ್ಣದ ಗೆರೆ ಹಾಕಿ, ನೆಟ್ ಕಟ್ಟುತ್ತೇವೆ. ಸಂಜೆ ಐದೂವರೆಗೆ ಒಬ್ಬೊಬ್ಬರೇ ಬರುತ್ತಾರೆ. ತೋಟದವರು, ಗಾರೆ ಕೆಲಸದವರು, ಒಬ್ಬರು ಬಸ್ ಕಂಡಕ್ಟರ್, ಒಬ್ಬರು ಬ್ಯಾಂಕಿನವರು, ಐಟಿಐ ಓದುವ ಇಬ್ಬರು ಹುಡುಗರು. ಜಾಸ್ತಿ ಜನ ನಲವತ್ತು ದಾಟಿದವರೇ. ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ ಕಪ್ ಗೆಲ್ಲುವ ತಂಡ ನಮ್ಮದಲ್ಲ. ದಿನದ ಕೆಲಸ ಮುಗಿಸಿ ಒಂದು ತಾಸು ಒಟ್ಟಿಗೆ ಬೆವರು ಹರಿಸುವ ತಂಡ. ನಮ್ಮ ನಿವೃತ್ತ ಡ್ರಿಲ್ ಮೇಷ್ಟ್ರು ಹೇಳುವುದುಂಟು, ಈ ಆಟ ಹುಟ್ಟಿದ್ದೇ ನಿಮ್ಮಂಥವರಿಗಾಗಿ ಅಂತ. ಅದು ನಿಜ. 1895ರಲ್ಲಿ ಅಮೆರಿಕದ ಹೋಲಿಯೋಕ್ ಎಂಬ ಊರಿನಲ್ಲಿ ವಿಲಿಯಂ ಮಾರ್ಗನ್ ಎಂಬವರು ವಾಲಿಬಾಲ್ ಕಟ್ಟಿದ್ದು, ಬ್ಯಾಸ್ಕೆಟ್‌ಬಾಲಿನ ಓಟ, ನೂಕಾಟ ತಡೆಯಲಾರದ ನಡುವಯಸ್ಸಿನವರೂ ಆಡಲಿ ಅಂತ.

ಹೋದ ಡಿಸೆಂಬರ್ ಮೊದಲ ವಾರ. ನೆಟ್ ಪಕ್ಕ ಮೆತ್ತಗೆ ಬಿದ್ದ ಚೆಂಡನ್ನು ಎತ್ತೋಣ ಅಂತ ಬಲಗಾಲು ಒತ್ತಿ ಮುಂದಕ್ಕೆ ನುಗ್ಗಿದೆ. ಹಿಮ್ಮಡಿಯ ಮೇಲೆ ಯಾರೋ ಹಿಂದಿನಿಂದ ಒದ್ದ ಹಾಗಾಯಿತು. ‘ಪಟ್’ ಅಂತ ಸದ್ದು, ನೆಟ್ ಆಚೆ ನಿಂತವರಿಗೂ ಕೇಳಿಸಿತಂತೆ. ತಿರುಗಿ ನೋಡಿದರೆ ಹಿಂದೆ ಯಾರೂ ಇಲ್ಲ. ಅಂಥ ನೋವೇನೂ ಇರಲಿಲ್ಲ. ಆದರೆ ಕಾಲೂರಿದರೆ ಕೆಸರಲ್ಲಿ ಇಟ್ಟ ಹಾಗೆ, ಹಿಡಿತವೇ ಸಿಗುತ್ತಿರಲಿಲ್ಲ.

ಮೊದಲು ತೋರಿಸಿದ ಕಡೆ ಉಳುಕು ಅಂದರು. ಮುಲಾಮು, ಪಟ್ಟಿ, ನಾಲ್ಕು ದಿನ ವಿಶ್ರಾಂತಿ. ಬೆರಳು ಅಲ್ಲಾಡುತ್ತದೆ, ಕುಂಟುತ್ತಾ ನಡೆಯಲಿಕ್ಕೂ ಆಗುತ್ತದೆ, ಹಾಗಾಗಿ ಈ ಪೆಟ್ಟು ಬಹಳ ಸಲ ಉಳುಕು ಅಂತಲೇ ದಾಟಿಹೋಗುತ್ತದೆಯಂತೆ. ನಾನೂ ನಂಬಿದ್ದೆ. ನಂಬದವರು ನಮ್ಮ ಕಂಡಕ್ಟರ್ ಅಣ್ಣ. ಐದನೇ ದಿನ ನನ್ನನ್ನು ನೋಡಲು ಬಂದವರು ಜಗಲಿಯ ಮೆಟ್ಟಿಲ ಹತ್ತಿರ ನಿಲ್ಲಿಸಿ, “ತುದಿಗಾಲಲ್ಲಿ ನಿಲ್ಲು ನೋಡುವಾ” ಅಂದರು. ಆಗಲಿಲ್ಲ. “ಇದು ಉಳುಕಲ್ಲ ಮಾರಾಯಾ, ನಾಳೆ ರಜೆ ಹಾಕ್ತೆ, ಹುಬ್ಬಳ್ಳಿಗೆ ಹೋಗುವ” ಅಂದರು. ಹೇಳಿದ ಹಾಗೆ ಬೆಳಿಗ್ಗೆ ಜೀಪು ತಂದು ಮುಂಡಗೋಡದ ಮೇಲೆ ನೂರು ಕಿಲೋಮೀಟರ್ ಹತ್ತಿರ ಕರೆದುಕೊಂಡು ಹೋದರು. ಅಣ್ಣ, ಆ ದಿನ ನೀವು ಬಾರದೇ ಇದ್ದಿದ್ದರೆ ನಾನು ಇನ್ನೂ ಎಣ್ಣೆ ತಿಕ್ಕುತ್ತಾ ಕೂತಿರುತ್ತಿದ್ದೆ.

ಅಲ್ಲಿ ಡಾಕ್ಟರು ಯಾವ ಮೆಷಿನ್ನನ್ನೂ ತರಲಿಲ್ಲ. ಬೋರಲು ಮಲಗಿಸಿ, ಪಾದಗಳನ್ನು ಮಂಚದ ಅಂಚಿನಿಂದ ಹೊರಗೆ ಇಳಿಬಿಡಿಸಿದರು. ಎಡಗಾಲಿನ ಮೀನಖಂಡ ಹಿಂಡಿದರು, ಪಾದ ತಾನಾಗಿ ಕೆಳಗೆ ಬಾಗಿತು. ಬಲಗಾಲಿನದು ಹಿಂಡಿದರು. ಪಾದ ಅಲುಗಲೇ ಇಲ್ಲ. “ಅಕಿಲಿಸ್ ಕಿತ್ತುಹೋಗಿದೆ” ಅಂದರು. ಮೀನಖಂಡವನ್ನು ಹಿಮ್ಮಡಿಗೆ ಬಿಗಿಯುವ ಹುರಿ ಅದು, ಮೈಯಲ್ಲಿರುವ ಅಂಥ ಹುರಿಗಳಲ್ಲೆಲ್ಲ ದಪ್ಪ ಮತ್ತು ಗಟ್ಟಿ. ಆದರೆ ಹಿಮ್ಮಡಿಗಿಂತ ಸ್ವಲ್ಪ ಮೇಲೆ ಅದಕ್ಕೆ ರಕ್ತ ಹರಿಯುವುದು ಕಡಿಮೆ. ಹುರಿ ಕಿತ್ತುಹೋಗುವುದೂ ಅಲ್ಲೇ, ಮಾಯುವುದು ನಿಧಾನವೂ ಅದಕ್ಕೇ. ಮೂವತ್ತರಿಂದ ಐವತ್ತರ ನಡುವಿನ, ಆಗಾಗ ಮಾತ್ರ ಆಡುವ ಗಂಡಸರಲ್ಲೇ ಇದು ಜಾಸ್ತಿ ಅಂದರು. ಆಪರೇಷನ್ ಆಯಿತು. ಪಾದದ ತುದಿ ಕೆಳಗೆ ಬಾಗಿದ ಹಾಗೇ ಇಟ್ಟು ಪ್ಲಾಸ್ಟರ್ ಹಾಕಿ ಕಳಿಸಿದರು.

ಆಗ ಮನೆಯಲ್ಲಿ ಏನಾಗಿತ್ತು ಅಂತ ತೋಟ ಇದ್ದವರಿಗೆ ಗೊತ್ತಾಗುತ್ತದೆ. ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಕೊಯ್ಯುವುದು, ಶುರುವಾಗಿತ್ತು. ಕೆಂಪಡಿಕೆ ಮಾಡುವವರು ನಾವು. ಹಸಿ ಅಡಿಕೆ ಕೊಯ್ದ ಮೇಲೆ ಇಟ್ಟುಕೊಳ್ಳುವ ಹಾಗಿಲ್ಲ, ಸುಲಿಯಬೇಕು, ಬೇಯಿಸಬೇಕು. ಮೆಟ್ಟುಗತ್ತಿಯನ್ನು ಕಾಲಲ್ಲಿ ಮೆಟ್ಟಿ ಹಿಡಿದರೆ ತಾನೇ ಸುಲಿತ? ನನ್ನ ಕಾಲು ದಿಂಬಿನ ಮೇಲಿತ್ತು. ಸುಲಿಯುವ ಆಳುಗಳು ಆ ವಾರ ಎಲ್ಲೂ ಸಿಗಲಿಲ್ಲ. ಆಯಿ ಒಬ್ಬಳೇ ರಾಶಿಯ ಮುಂದೆ ಕೂತಿದ್ದಳು.

ಎರಡನೇ ದಿನ ರಾತ್ರಿ ಎಂಟಕ್ಕೆ ಅಂಗಳದಲ್ಲಿ ಬೆಳಕು ಕಂಡಿತು. ಆಟ ಮುಗಿಸಿ, ಮನೆಗೆ ಹೋಗಿ ಸ್ನಾನ ಮಾಡಿ, ತಮ್ಮ ತಮ್ಮ ಮೆಟ್ಟುಗತ್ತಿ ಹಿಡಿದುಕೊಂಡು ಏಳು ಜನ ಬಂದಿದ್ದರು. ಬ್ಯಾಂಕಿನವರಿಗೆ ಸುಲಿಯಲು ಬರುವುದಿಲ್ಲ, ಅವರು ಸಿಪ್ಪೆ ಹೊತ್ತರು. ಗಾರೆ ಕೆಲಸದ ಅಣ್ಣ ಬೆಳಗಿಂದ ಸಿಮೆಂಟಿನಲ್ಲಿ ದುಡಿದು ಬೆರಳು ಒಡೆದುಕೊಂಡಿದ್ದರು, ಹಸಿ ಅಡಿಕೆಯ ಒಗರು ಆ ಬಿರುಕಿಗೆ ತಾಗಿದರೆ ಎಷ್ಟು ಉರಿಯುತ್ತದೆ! ಬಟ್ಟೆ ಸುತ್ತಿಕೊಂಡು ಸುಲಿದರು. ಹನ್ನೊಂದು ಗಂಟೆಗೆ ಚಹಾ ಕುಡಿದು ಹೋದರು. ಹೀಗೆ ಒಂಬತ್ತು ರಾತ್ರಿ. ಆಚೆ ಊರಿನ ತಂಡದವರೂ ಎರಡು ರಾತ್ರಿ ಬಂದಿದ್ದರು, ನಾವು ವರ್ಷವಿಡೀ ಯಾರ ಮೇಲೆ ಸೋತು ಗೆದ್ದು ಜಗಳ ಆಡುತ್ತೇವೋ ಅವರೇ. ಹೋದ ವರ್ಷದ ನಮ್ಮ ಬೆಳೆಯಲ್ಲಿ ಒಂದು ಅಡಿಕೆಯೂ ಕೆಡಲಿಲ್ಲ. ಇದಕ್ಕೆ ಥ್ಯಾಂಕ್ಸ್ ಅನ್ನುವ ಮಾತು ಸಣ್ಣದು. ಬೇರೆ ಮಾತು ನನ್ನ ಹತ್ತಿರ ಇಲ್ಲ.

ಆದರೆ ಕಷ್ಟದ ದಿನ ಬಂದದ್ದು ಆಮೇಲೆ. ಕೊಯ್ಲು ಮುಗಿಯಿತು, ಜನ ಬರುವುದು ಕಡಿಮೆಯಾಯಿತು. ಸಂಜೆ ಐದೂವರೆಗೆ ಬಯಲಿನ ಕಡೆಯಿಂದ ಚೆಂಡಿನ ಸದ್ದು ಮನೆಗೆ ಕೇಳುತ್ತದೆ. ನಾನು ಕಿಟಕಿ ಮುಚ್ಚಿಸಲು ಶುರುಮಾಡಿದೆ. ಊಟ ಸೇರುತ್ತಿರಲಿಲ್ಲ. ರಾತ್ರಿ ನಿದ್ದೆ ಇಲ್ಲ, ಬೆಳಿಗ್ಗೆ ಏಳುವ ಮನಸ್ಸಿಲ್ಲ. ಮಗಳು ಲೆಕ್ಕ ಹೇಳಿಕೊಡು ಅಂತ ಬಂದರೆ ಗದರಿಸಿದೆ, ಅವಳು ಆಮೇಲೆ ನನ್ನ ಕೋಣೆಗೆ ಬರುವುದನ್ನೇ ಬಿಟ್ಟಳು. ಕಾಲು ಮುರಿದರೆ ಜನ ವಿಚಾರಿಸುತ್ತಾರೆ. ಇದನ್ನು ಯಾರ ಹತ್ತಿರ ಹೇಳುವುದು? ಹೇಳಲು ನನಗೇ ಗೊತ್ತಾಗಿರಲಿಲ್ಲ. ಗೊತ್ತಾಗಿದ್ದು ನನ್ನ ಹೆಂಡತಿಗೆ. ರಕ್ತ ಹೆಪ್ಪುಗಟ್ಟಬಹುದು, ನೋಡ್ತಾ ಇರಿ ಅಂತ ಡಾಕ್ಟರು ಹೇಳಿದ್ದರಿಂದ ಅವಳು ದಿನಾ ರಾತ್ರಿ ಕಾಲು ಮುಟ್ಟಿ ನೋಡುತ್ತಿದ್ದಳು. ಒಂದು ರಾತ್ರಿ ಕಾಲು ಮುಟ್ಟಿದವಳು ಕೈ ತೆಗೆಯಲೇ ಇಲ್ಲ, ಹಾಗೇ ಕೂತಿದ್ದಳು. ಮಾರನೇ ದಿನ ಮೇಷ್ಟ್ರಿಗೆ ಫೋನ್ ಮಾಡಿದ್ದಾಳೆ.

ಮೇಷ್ಟ್ರು ಬಂದು ಉಪದೇಶ ಮಾಡಲಿಲ್ಲ. ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿದರು. ಹೊರಡುವಾಗ, “ತಮಾ, ಸ್ಕೋರ್ ಬರೆಯಲೆ ಜನ ಇಲ್ಲೆ. ನಾಳೆ ಸಂಜೆ ಜೀಪು ಬತ್ತು” ಅಂದರು. ನನ್ನ ಉತ್ತರಕ್ಕೆ ಕಾಯಲಿಲ್ಲ.

ಮಾರನೇ ದಿನ ಬಯಲಿಗೆ ಹೋದರೆ ಕಂಬದ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ. ಅದರ ಎದುರಿಗೆ ಕಾಲಿಡಲು ಅಡಿಕೆ ಸಿಪ್ಪೆ ತುಂಬಿದ ಗೋಣಿಚೀಲ, ಮೇಲೆ ಹಳೇ ಪಂಚೆ ಹಾಸಿತ್ತು, ಸಿಪ್ಪೆ ಚುಚ್ಚಬಾರದು ಅಂತ. ನೂರು ಪುಟದ ನೋಟ್‌ಬುಕ್, ದಾರ ಕಟ್ಟಿದ ಪೆನ್ನು. ನಮ್ಮ ಸಂಜೆಯ ಆಟಕ್ಕೆ ಅದುವರೆಗೆ ಯಾರೂ ಸ್ಕೋರ್ ಬರೆದದ್ದೇ ಇಲ್ಲ, ಬಾಯಲ್ಲೇ ಹೇಳುತ್ತಿದ್ದೆವು. ಆದರೂ ನಾನು ಬರೆದೆ. ಯಾರು ಸರ್ವ್ ಮಾಡಿದರು, ಯಾರು ನೆಟ್ ಮುಟ್ಟಿದರು ಎಲ್ಲ ಬರೆದೆ. ತಕರಾರು ಬಂದರೆ ಹನ್ನೆರಡೂ ಜನ ನನ್ನ ಕಡೆ ತಿರುಗುತ್ತಿದ್ದರು. ಆ ಒಂದು ತಾಸು ನಾನು ತಂಡದವನಾಗಿದ್ದೆ. ನಿದ್ದೆ ನಿಧಾನಕ್ಕೆ ಮರಳಿತು. ಮಗಳು ಒಂದು ದಿನ ಜೊತೆಗೆ ಬಂದು, ಪುಟಕ್ಕೆ ಗೆರೆ ಎಳೆದುಕೊಟ್ಟಳು.

ಕೆನಡಾದಲ್ಲಿರುವ ನನ್ನ ಚಿಕ್ಕಪ್ಪನ ಮಗನಿಗೂ ಇಲ್ಲಿ ಥ್ಯಾಂಕ್ಸ್. ಅವನು ಅಲ್ಲಿ ವಾರಕ್ಕೊಮ್ಮೆ ಐಸ್ ಹಾಕಿ, ಅಂದರೆ ಮಂಜುಗಡ್ಡೆಯ ಮೇಲಿನ ಹಾಕಿ ಆಟ ಆಡುತ್ತಾನೆ, ನಮ್ಮ ಹಾಗೇ ಕೆಲಸ ಮುಗಿಸಿ ಬರುವ ದೊಡ್ಡವರ ತಂಡ. ಮಕ್ಕಳ ಆಟ ಎಲ್ಲ ಮುಗಿದ ಮೇಲೆ, ರಾತ್ರಿ ಹತ್ತರ ಮೇಲೆ ಮಂಜಿನ ಅಂಕಣ ಇವರಿಗೆ ಸಿಗುತ್ತದೆ. ಅವರಲ್ಲಿ ಮೈಮೇಲೆ ಬಿದ್ದು ಆಡುವಂತಿಲ್ಲ. ತಲೆಗೆ ಪೆಟ್ಟು ಬಿದ್ದವನು ಆಡ್ತೇನೆ ಅಂದರೂ ಆ ದಿನ ಒಳಗೆ ಬಿಡುವುದಿಲ್ಲವಂತೆ. “ನಾಳೆ ಬೆಳಿಗ್ಗೆ ಎಲ್ಲರೂ ಕೆಲಸಕ್ಕೆ ಹೋಗುವವರು, ಅದು ನೆನಪಿಟ್ಟುಕೊಂಡು ಆಡ್ತೇವೆ” ಅಂದಿದ್ದ. ಆ ಮಾತನ್ನು ಬಯಲಲ್ಲಿ ಹೇಳಿದೆ. ಈಗ ನಮ್ಮಲ್ಲೂ ಹದಿನೈದು ನಿಮಿಷ ಮೈ ಬಿಸಿ ಮಾಡದೆ ಯಾರೂ ಚೆಂಡು ಮುಟ್ಟುವುದಿಲ್ಲ. ಮೂರು ದಿನ ಯಾರಾದರೂ ಬಾರದಿದ್ದರೆ ಒಬ್ಬರು ಅವರ ಮನೆಗೆ ಹೋಗಿ ಬರಬೇಕು, ಫೋನ್ ಸಾಲದು. ಹಾಗೆ ಹೋದಾಗ ಒಬ್ಬರ ವಿಷಯ ಸಮಯಕ್ಕೆ ಸರಿಯಾಗಿ ಗೊತ್ತಾಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ, ಅವರು ಈಗ ಚೆನ್ನಾಗಿದ್ದಾರೆ. ಮನಸ್ಸಿಗೆ ತಡೆಯಲಾಗದೇ ಇದ್ದಾಗ 14416ಕ್ಕೆ ಫೋನ್ ಮಾಡಬಹುದು, ಟೆಲಿಮಾನಸ್ ಅಂತ, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಆ ನಂಬರನ್ನು ಸ್ಕೋರ್ ಪುಸ್ತಕದ ರಟ್ಟಿನ ಮೇಲೆ ಬರೆದಿದ್ದೇನೆ.

ಫಿಸಿಯೋ ಮೇಡಂಗೆ ನನ್ನ ನಮಸ್ಕಾರ. ಪ್ಲಾಸ್ಟರ್ ಆದ ಮೇಲೆ ಹಾಕಿದ ಬೂಟಿನಲ್ಲಿ ಹಿಮ್ಮಡಿಯನ್ನು ಎತ್ತಿ ಹಿಡಿಯುವ ಬೆಣೆ ಒಂದೊಂದೇ ತೆಗೆಸಿದಿರಿ, ಅವಸರ ಮಾಡಿದಾಗ ಬೈದಿರಿ. ಜುಲೈ ಮಳೆಯಲ್ಲಿ ಜಗಲಿಯ ಕಂಬ ಹಿಡಿದು ಬಲಗಾಲೊಂದರಲ್ಲೇ ಹಿಮ್ಮಡಿ ಎತ್ತಿದ ದಿನ ಆಯಿ ದೇವರಿಗೆ ದೀಪ ಹಚ್ಚಿದಳು. ಒಂದು ಸಲ, ಎರಡು ಬೆರಳು ಎತ್ತರ, ಅಷ್ಟೇ ಎದ್ದದ್ದು.

ಹೊಡೆಯುವವರಿಗೆ ಚೆಂಡು ಎತ್ತಿ ಕೊಡುವ, ಐಟಿಐ ಓದುವ ನಮ್ಮ ಸೆಟ್ಟರ್ ತಮ್ಮನಿಗೆ ಒಂದು ಮಾತು. ಆ ದಿನ ಚೆಂಡು ಕೈಜಾರಿದ್ದು ನಿನ್ನಿಂದ, ಅದಕ್ಕೇ ನಾನು ನುಗ್ಗಿದ್ದು ಅಂತ ನೀನು ತಿಂಗಳುಗಟ್ಟಲೆ ಕೊರಗಿದೆ ಅಂತ ನಿನ್ನ ಅಮ್ಮ ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು. ನಾನು ಮೊದಲೇ ಹೇಳಬೇಕಿತ್ತು. ನಿನ್ನ ತಪ್ಪು ಏನೇನೂ ಇಲ್ಲ ಮಾರಾಯಾ. ಬಿಸಿ ಮಾಡದ ಮೈ ನನ್ನದು. ಭಾನುವಾರ ನನ್ನ ಕೈಯಿಂದ ಎದ್ದ ಮೊದಲ ಚೆಂಡು ನಿನ್ನ ತಲೆ ಮೇಲೆ ಸರಿಯಾಗಿ ಬಂತು ಅಲ್ವಾ? ಅದು ನಿನಗೇ ಅಂತ ಕೊಟ್ಟದ್ದು.

ಮತ್ತೆ ಬ್ಯಾಂಕಿನ ಅಣ್ಣ, ನಿಮ್ಮ ಮೊಣಕಾಲಿನ ಆಪರೇಷನ್ ಬುಧವಾರ ಅಂತ ಕೇಳಿದೆ. ಆ ಕುರ್ಚಿ ದೇವಸ್ಥಾನದ ಚಂದ್ರಶಾಲೆಯಲ್ಲಿದೆ. ಗೋಣಿಚೀಲಕ್ಕೆ ಹೊಸ ಸಿಪ್ಪೆ ತುಂಬಿಸಿದ್ದೇನೆ. ಪುಸ್ತಕದಲ್ಲಿ ಇನ್ನೂ ಮೂವತ್ತೆಂಟು ಪುಟ ಖಾಲಿ ಇದೆ, ನಾಳೆ ಸಂಜೆ ನಿಮ್ಮ ಮನೆಗೆ ತಂದು ಕೊಡುತ್ತೇನೆ.